ಪಟ್ಟದ ರಾಣಿಗೆ ನಿರಿಗೆ ನಿಲ್ಲಬೇಕೆಂದರೆ

ದಸರೆಯ ಗೊಂಬೆ ಜೋಡಣೆಯಲ್ಲಿ ನವರಾತ್ರಿಯ ಪಾಡ್ಯಕ್ಕೆ ಪಟ್ಟಕ್ಕೆ ಕೂರಬೇಕಾದ ರಾಜ-ರಾಣಿ ಗೊಂಬೆಗಳಿಗೆ ಅಮಾವಾಸ್ಯೆಯ ರಾತ್ರಿ ಕೈಗೆ ಸಿಕ್ಕಿದ ರವಿಕೆ ಕಣ ಸುತ್ತಿ, ನಾಲ್ಕು ಗುಂಡುಪಿನ್ನು ಚುಚ್ಚಿ ಮುಗಿಸುವ ಮನೆಗಳು ಕಡಿಮೆಯಿಲ್ಲ. ಮೂರನೆಯ ದಿನಕ್ಕೆ ಸೆರಗು ಜಾರಿರುತ್ತದೆ. ನಿರಿಗೆ ಕೊಡೆಯಂತೆ ಅರಳಿ, ರಾಣಿ ಗರ್ಭಿಣಿಯಂತೆ ಕಾಣುತ್ತಾಳೆ. ಗೊಂಬೆಗೆ ಸೀರೆ ಉಡಿಸುವುದು ಮಗುವಿಗೆ ಉಡಿಸಿದಷ್ಟೇ ಸುಲಭ ಎಂದುಕೊಳ್ಳುವುದೇ ತಪ್ಪಿನ ಮೂಲ. ನಾವು ಉಡುವ ಸೀರೆಯ ನಿರಿಗೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಒಂದು ಗೇಣು ಬಟ್ಟೆಗೆ ಆ ಭಾರವಿಲ್ಲ. ಗೊಂಬೆ ಚಿಕ್ಕದಾದರೂ ಬಟ್ಟೆಯ ದಪ್ಪ ಚಿಕ್ಕದಾಗುವುದಿಲ್ಲ. ಹಾಗಾಗಿ ನಿರಿಗೆಯನ್ನು ಗೊಂಬೆಯ ಮೈಮೇಲೆ ಹಿಡಿಯಬಾರದು. ಮೇಜಿನ ಮೇಲೆ ಹಿಡಿದು, ಇಸ್ತ್ರಿ ಹಾಕಿ, ಹೊಲಿದು, ಆಮೇಲೆ ಗೊಂಬೆಗೆ ಕಟ್ಟಬೇಕು.

ಇಲ್ಲಿ ಕೊಟ್ಟ ಅಳತೆಗಳೆಲ್ಲ ಒಂದಡಿ, ಅಂದರೆ 30 ಸೆಂ.ಮೀ. ಎತ್ತರದ ಮರದ ಗೊಂಬೆಗೆ. ನಿಮ್ಮದು ಬೇರೆ ಎತ್ತರದ್ದಾದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ, ಕುಗ್ಗಿಸಿ. ಆದರೆ ಅರ್ಧ ಅಡಿಗಿಂತ ಚಿಕ್ಕ ಗೊಂಬೆಗೆ ನಿರಿಗೆಯ ಸಂಖ್ಯೆ ಮೂರಕ್ಕೆ ಇಳಿಸಿ. ಐದು ಹಿಡಿಯಲು ಹೋಗಬೇಡಿ.

ಮೊದಲು ಗೊಂಬೆಯನ್ನು ನೋಡಿ

ಹಳೆಯ ಪಟ್ಟದ ಗೊಂಬೆಗಳು ಹೆಚ್ಚಾಗಿ ರಕ್ತಚಂದನದವು. ತವರಿನಿಂದ ಮದುವೆಯಲ್ಲಿ ಕೊಟ್ಟವು, ತಿರುಪತಿಗೆ ಹೋದಾಗ ತಂದವು. ಇವನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಕೆತ್ತನೆಯ ಸಂದಿಯ ಧೂಳಿಗೆ ಮೆತ್ತನೆಯ ಹಳೇ ಹಲ್ಲುಜ್ಜುವ ಬ್ರಷ್ ಹಿಡಿಯಿರಿ. ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಲೇಬೇಡಿ: ರಕ್ತಚಂದನದ ಕೆಂಪು ನೀರಿಗೆ ಅಷ್ಟಾಗಿ ಬಿಡುವುದಿಲ್ಲ, ಆಲ್ಕೋಹಾಲಿಗೆ ಧಾರಾಳವಾಗಿ ಬಿಡುತ್ತದೆ. ರಾಜನ ಬಿಳಿ ಪಂಚೆಯೆಲ್ಲ ಕೆಂಪಾಗುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಹೊಸ ಜೋಡಿಗಳಲ್ಲಿ ಬೇರೆ ಮರಕ್ಕೆ ಬಣ್ಣ ಹಚ್ಚಿದವೂ ಇರುತ್ತವೆ. ಅಡಿಭಾಗಕ್ಕೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಅಂಟಿದರೆ ಒಳಗೆ ಎರಡು ಪದರ ಅಸ್ತರಿ ಬೇಕೇ ಬೇಕು.

ಆಮೇಲೆ ಕೈಗಳನ್ನು ಗಮನಿಸಿ. ಕೆಲವು ಗೊಂಬೆಗಳಿಗೆ ತೋಳಿಗೂ ಸೊಂಟಕ್ಕೂ ನಡುವೆ ಕಿಂಡಿ ಇರುತ್ತದೆ, ಅದರೊಳಗಿಂದ ಬಟ್ಟೆ ತೂರಿಸಬಹುದು. ಕೆಲವಕ್ಕೆ ತೋಳು ಮೈಗೇ ಅಂಟಿದ್ದು, ನಡುವೆ ಒಂದು ಗೀರು ಮಾತ್ರ. ಕುಪ್ಪಸ ಹೇಗೆ ಎಂಬುದು ಇದರ ಮೇಲೆ ನಿಂತಿದೆ.

ಒಂದು ದಾರ ತೆಗೆದುಕೊಂಡು ಮೂರು ಅಳತೆ ಮಾಡಿ: ಸೊಂಟದ ಸುತ್ತಳತೆ, ಸೊಂಟದಿಂದ ಪಾದದವರೆಗೆ, ಬೆನ್ನ ನಡುವಿನಿಂದ ಬಲ ಸೊಂಟ ಬಳಸಿ ಎಡ ಭುಜದವರೆಗೆ. ನಮ್ಮ ಲೆಕ್ಕದ ಗೊಂಬೆಗೆ ಇವು ಸುಮಾರು 18, 17 ಮತ್ತು 20 ಸೆಂ.ಮೀ. ಎಂದಿಟ್ಟುಕೊಳ್ಳೋಣ.

ಬಟ್ಟೆ

ಹರಿದ ಮೈಸೂರು ಸಿಲ್ಕ್ ಸೀರೆ ಮನೆಯಲ್ಲಿದ್ದರೆ ಬೇರೇನೂ ಹುಡುಕಬೇಡಿ. ಆ ಕ್ರೇಪ್ ತೆಳು, ಮೆತ್ತಗೆ ಬೀಳುತ್ತದೆ, ಇಸ್ತ್ರಿಯ ಮಡಿಕೆ ಹಿಡಿದಿಟ್ಟುಕೊಳ್ಳುತ್ತದೆ. ಕಾಂಚೀಪುರಂ ಎಷ್ಟೇ ಚೆಂದವಿದ್ದರೂ ಒಂದಡಿಯ ಗೊಂಬೆಗೆ ಆಗದು. ಐದು ನಿರಿಗೆಗೆ ಹತ್ತು ಪದರ ಬಟ್ಟೆ ಒಂದರ ಮೇಲೊಂದು ಕೂರುತ್ತದೆ, ಹೊಟ್ಟೆಯ ಮೇಲೆ ಗಂಟು ಕಟ್ಟಿದಂತಾಗುತ್ತದೆ. ಇಳಕಲ್ ಸೀರೆಯದು ಹತ್ತಿಯ ತುಂಡಾದರೆ ಪರವಾಗಿಲ್ಲ. ಗುಳೇದಗುಡ್ಡದ ಖಣ ಕುಪ್ಪಸಕ್ಕೆ ಹೇಳಿ ಮಾಡಿಸಿದ್ದು, ಸೀರೆಗಲ್ಲ. ಸ್ಯಾಟಿನ್ ಮತ್ತು ನೆಟ್ ಬೇಡವೇ ಬೇಡ.

ಅಂಚು 1ರಿಂದ 1.5 ಸೆಂ.ಮೀ. ಇದ್ದರೆ ಸಾಕು. ಒಂದು ಗೇಣಿನ ದೊಡ್ಡ ಅಂಚನ್ನು ಗೊಂಬೆಗೆ ಹಾಕಿದರೆ ಸೀರೆಯೆಲ್ಲ ಅಂಚೇ ಆಗಿ, ಒಡಲು ಕಾಣುವುದೇ ಇಲ್ಲ. ದೊಡ್ಡ ಅಂಚಿನ ಸೀರೆಯೇ ಇರುವುದಾದರೆ ಅಂಚಿನೊಳಗಿನ ಒಂದು ಗೆರೆಯನ್ನು ಮಾತ್ರ ಕತ್ತರಿಸಿ ಬೇರೆ ಒಡಲಿಗೆ ಹೊಲಿಯಿರಿ. ಜರಿಯ ಒಂದು ಎಳೆ ಎಳೆದು ಬೆಂಕಿಗೆ ಹಿಡಿಯಿರಿ: ಕರಗಿ ಕಪ್ಪು ಮಣಿಯಾದರೆ ಅದು ಪ್ಲಾಸ್ಟಿಕ್ ಜರಿ. ಬಿಸಿ ಇಸ್ತ್ರಿ ತಗುಲಿದರೆ ಮುದುಡುತ್ತದೆ. ಅಂಥದ್ದಕ್ಕೆ ಇಸ್ತ್ರಿಯ ಶಾಖ ಅತಿ ಕಡಿಮೆ ಇರಲಿ.

ರೆಡಿಮೇಡ್ ಗೊಂಬೆ ಉಡುಪು ದಸರೆಗೆ ಮುಂಚೆ ಅಂಗಡಿಗಳಲ್ಲಿ ನೇತಾಡುತ್ತದೆ. ಎಲಾಸ್ಟಿಕ್ ಸೊಂಟ, ಅಂಟಿನಿಂದ ಕೂರಿಸಿದ ಲೇಸು. ಮರದ ಗೊಂಬೆಗಳಲ್ಲಿ ಎರಡರ ಸೊಂಟ ಒಂದೇ ಇರುವುದಿಲ್ಲವಾದ್ದರಿಂದ ಅದು ಯಾವುದಕ್ಕೂ ಸರಿಯಾಗದು. ಎರಡನೇ ವರ್ಷಕ್ಕೆ ಅಂಟು ಹಳದಿಗೆ ತಿರುಗುತ್ತದೆ. ಆ ದುಡ್ಡಿಗೆ ಒಂದು ರವಿಕೆ ಕಣ ಕೊಳ್ಳಿ.

ಅಸ್ತರಿ ಮತ್ತು ಕುಪ್ಪಸ

ಮರದ ಸೊಂಟ ನುಣುಪು, ಜಾರು. ಮೊದಲು 1 ಸೆಂ.ಮೀ. ಅಗಲದ ಹತ್ತಿ ಟೇಪನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಹೊಲಿಗೆ ಹಾಕಿ. ಮುಂದಿನದೆಲ್ಲ ಇದನ್ನೇ ಹಿಡಿದು ನಿಲ್ಲುತ್ತದೆ. ಅದರ ಮೇಲೆ ಹಳೇ ಪಂಚೆಯ ತುಂಡಿನ ಒಳಲಂಗ. ನೆರಿಗೆಯಿಲ್ಲದ ನೇರ ಸುತ್ತು ಸಾಕು.

ಕೈಗೆ ಕಿಂಡಿಯಿದ್ದರೆ ಎರಡು ತೋಳುಪಟ್ಟಿ, ಒಂದು ಎದೆಪಟ್ಟಿ ಕತ್ತರಿಸಿ ಸುತ್ತಿ ಹಿಂದೆ ಹೊಲಿಯಿರಿ. ಕಿಂಡಿಯಿಲ್ಲದ ಗೊಂಬೆಗೆ ಎದೆ ಮತ್ತು ಎರಡೂ ತೋಳು ಒಟ್ಟಿಗೆ ಮುಚ್ಚುವಷ್ಟು ಒಂದೇ ತುಂಡು ಮುಂದೆ ಇಟ್ಟು, ಬೆನ್ನಲ್ಲಿ ಎಡಬಲಕ್ಕೆ ದಾರ ಎಳೆದು ಬಿಗಿಯಿರಿ. ಆಮೇಲೆ ಕುಪ್ಪಸದ ಬಣ್ಣದ್ದೇ ಒಂದು ರೇಷ್ಮೆ ದಾರವನ್ನು ಭುಜದಿಂದ ತೋಳಿನ ಗೀರಿನೊಳಗೆ ಒತ್ತಿ ಕೆಳಕ್ಕೆ ತಂದು ಬೆನ್ನಿಗೆ ಕಟ್ಟಿದರೆ ತೋಳು ಬೇರೆ, ಎದೆ ಬೇರೆಯಾಗಿ ಕಾಣುತ್ತದೆ. ಈ ದಾರ ಬಿಟ್ಟರೆ ರಾಣಿ ಶಾಲು ಹೊದ್ದು ಕೂತಂತೆ.

ನಿರಿಗೆ

ಇಡೀ ಸೀರೆಯನ್ನು ಒಂದೇ ಉದ್ದದ ಬಟ್ಟೆಯಲ್ಲಿ ಉಡಿಸಬೇಕೆಂಬ ಹಟ ಬಿಡಿ. ಸೊಂಟಕ್ಕೆ ಎರಡು ಸುತ್ತು ಬಂದರೆ ದಪ್ಪವಾಗುತ್ತದೆ. ಕೆಳಭಾಗ ಒಂದು, ಸೆರಗು ಒಂದು, ಹೀಗೆ ಎರಡು ತುಂಡು ಮಾಡಿ. ಒಟ್ಟು 85 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲದ, ಕೆಳಬದಿಗೆ ಅಂಚು ಇರುವ ಪಟ್ಟಿ ಸಾಕು. ಅದರಲ್ಲಿ 43 ಸೆಂ.ಮೀ. ಕೆಳಭಾಗಕ್ಕೆ: ಸೊಂಟದ ಸುತ್ತು 18, ಬದಿ ಮೇಲೆ ಬದಿ ಬರಲು 3, ಐದು ನಿರಿಗೆಗೆ ತಲಾ 4ರಂತೆ 20, ಎರಡು ತುದಿಯ ಮಡಿಕೆಗೆ 2. ಉಳಿದ 42 ಸೆಂ.ಮೀ. ಸೆರಗಿಗೆ. ಅಂಚಿನ ಬದಿಯನ್ನು ಮಡಚಿ ಹೊಲಿಯಬೇಡಿ. ನೇಯ್ಗೆಯ ಅಂಚು ಹಾಗೇ ಪಾದದ ಮೇಲೆ ಬರಲಿ. ಮಡಚಿದರೆ ನಿರಿಗೆಯ ಬುಡ ಬಿರುಸಾಗಿ ಮೇಲೇಳುತ್ತದೆ.

ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ 2 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ. ಬಣ್ಣ ಅಚ್ಚಾದ ಬದಿ ಬಟ್ಟೆಗೆ ತಾಗದಂತೆ ಬಿಳಿ ಕಾಗದ ಅಂಟಿಸಿ, ಇಲ್ಲದಿದ್ದರೆ ಇಸ್ತ್ರಿಯ ಬಿಸಿಗೆ ಗಣೇಶನ ಚಿತ್ರ ಸೀರೆಗೆ ಬಂದೀತು. ಬಟ್ಟೆಯನ್ನು ಉಲ್ಟಾ ಹಾಸಿ. ಒಂದು ರಟ್ಟನ್ನು ಬಟ್ಟೆಯ ಮೇಲೆ ನೇರ ಇಟ್ಟು, ಬಟ್ಟೆಯನ್ನು ಅದರ ಮೇಲೆ ಮಡಚಿ, ಎರಡನೆಯ ರಟ್ಟನ್ನು ಮೇಲಿಟ್ಟು ಹಿಂದಕ್ಕೆ ಮಡಚಿ. ಒಂದು ನಿರಿಗೆಯಾಯಿತು. ಕೆಳಗಿನ ರಟ್ಟನ್ನು ಎಳೆದುಕೊಂಡು ಮುಂದಿನದಕ್ಕೆ ಬಳಸಿ. ಪ್ರತಿ ಮಡಿಕೆಗೂ ಅಂಚು ಅಂಚಿನ ಮೇಲೆ ಕೂತಿದೆಯೇ ಎಂದು ಕಣ್ಣಳತೆಯಲ್ಲಲ್ಲ, ಸ್ಕೇಲ್ ಇಟ್ಟು ನೋಡಿ. ಮೊದಲ ನಿರಿಗೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಐದನೆಯದರಲ್ಲಿ ಅಂಚು ಅರ್ಧ ಸೆಂ.ಮೀ. ಮೇಲೆ ಹೋಗಿರುತ್ತದೆ.

ಈಗ ಹೆಚ್ಚಿನವರು ಬಿಡುವ ಹಂತ. ಮೇಲ್ತುದಿಯಲ್ಲಿ ಐದೂ ನಿರಿಗೆ ಒಂದರ ಮೇಲೊಂದು ಸರಿಯಾಗಿ ಕೂರಲಿ. ಬುಡದಲ್ಲಿ ಮಾತ್ರ ಒಂದೊಂದನ್ನೂ 3 ಮಿ.ಮೀ. ಪಕ್ಕಕ್ಕೆ ಸರಿಸಿ. ಹೀಗೆ ಬುಡ 2ರ ಬದಲು 3 ಸೆಂ.ಮೀ.ಗೂ ತುಸು ಮೀರಿ ಅಗಲವಾಗುತ್ತದೆ, ಅಂಚಿನ ಜರಿ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ, ಸೀರೆ ಪಾದದ ಕಡೆ ಹದವಾಗಿ ಅಗಲಿಸುತ್ತದೆ. ಬುಡದಲ್ಲೂ ಒಂದರ ಮೇಲೊಂದು ಇಟ್ಟರೆ ನಿರಿಗೆ ಪಟ್ಟಿಯಂತೆ ಚಪ್ಪಟೆಯಾಗಿ ಸೀರೆ ಕಾಲಿಗೆ ಬಿಗಿಯುತ್ತದೆ.

ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ರೇಷ್ಮೆಯ ಶಾಖಕ್ಕಿಟ್ಟು ಒತ್ತಿ, ಎತ್ತಿ, ಮತ್ತೆ ಒತ್ತಿ. ಉಜ್ಜಬೇಡಿ, ಮಡಿಕೆ ಸರಿಯುತ್ತದೆ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಕಲೆ ನಿಲ್ಲುತ್ತದೆ. ಹತ್ತಿಗಾದರೆ ಮೇಲಿನ ಬಟ್ಟೆ ತುಸು ಒದ್ದೆಯಿರಲಿ. ಗಂಜಿ ಹಾಕುವ ಸಲಹೆ ಎಲ್ಲರೂ ಕೊಡುತ್ತಾರೆ, ಕೇಳಬೇಡಿ. ಗಂಜಿ ಹಾಕಿದ ಬಟ್ಟೆ ವರ್ಷವಿಡೀ ಪೆಟ್ಟಿಗೆಯಲ್ಲಿದ್ದರೆ ಬೆಳ್ಳಿಮೀನು ಹುಳುವಿಗೆ ಹಬ್ಬ. ಬಿಸಿ ಆರುವ ಮೊದಲೇ ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುಗುಂಡೋ ದಪ್ಪ ನಿಘಂಟೋ ಇಟ್ಟು ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಹೊಲಿಗೆ. ಮೇಲ್ತುದಿಯಿಂದ 1 ಸೆಂ.ಮೀ. ಕೆಳಗೆ ಎಲ್ಲ ಪದರಕ್ಕೂ ಸೇರಿ ಒಂದು ಸಾಲು ಬಿಗಿ ಹೊಲಿಗೆ. ನಡು ಎತ್ತರದಲ್ಲಿ, ಪಾದಕ್ಕಿಂತ 4 ಸೆಂ.ಮೀ. ಮೇಲೆ, ಹೀಗೆ ಎರಡು ಕಡೆ ಹಿಂಬದಿಯಿಂದ ಸೂಜಿ ಹಾಕಿ ನಿರಿಗೆಗಳ ಒಳಮಡಿಕೆಗಳನ್ನಷ್ಟೇ ಒಂದಕ್ಕೊಂದು ಸಡಿಲವಾಗಿ ಕೂಡಿಸಿ. ಮುಂಬದಿಯ ಮಡಿಕೆಗೆ ಸೂಜಿ ತಾಗಬಾರದು. ಬುಡವನ್ನು ಹೊಲಿಯಲೇಬೇಡಿ. ಬುಡ ಇನ್ನೂ ಮೇಲೇಳುವಂತಿದ್ದರೆ ಕಟ್ಟಕಡೆಯ ಒಳಮಡಿಕೆಯಲ್ಲಿ, ಅಂಚಿನ ಹಿಂದೆ, ಎರಡು ಮೂರು ಗಾಜಿನ ಮಣಿ ಹೊಲಿಯಿರಿ. ಕೆಲವರು ಅಂಚಿನೊಳಗೆ ತಂತಿ ತೂರಿಸುತ್ತಾರೆ. ಒಮ್ಮೆ ಬಾಗಿದ ತಂತಿ ಮತ್ತೆ ನೇರವಾಗುವುದಿಲ್ಲ.

ಮೇಲಿನ 1 ಸೆಂ.ಮೀ. ಒಳಕ್ಕೆ ಮಡಚಿ, ನಿರಿಗೆಯಿರುವ ಜಾಗ ಬಿಟ್ಟು ಉಳಿದ ಕಡೆ ಲಾಡಿ ತೂರಿಸಿ. ನಿರಿಗೆಯ ಹಿಂದೆ ಲಾಡಿಯನ್ನು ಎರಡು ಹೊಲಿಗೆಯಿಂದ ಹಿಡಿಸಿದರೆ ಆಯಿತು. ಗೊಂಬೆಗೆ ಸುತ್ತಿ ಬೆನ್ನ ಹಿಂದೆ ಕಟ್ಟಿ.

ಎಡಬಲದ ಗೊಂದಲ

ಗೊಂಬೆ ನಿಮ್ಮ ಎದುರಿಗೆ ನಿಂತಿದೆ. ಅದರ ಎಡ ನಿಮ್ಮ ಬಲ. ಇದನ್ನು ಮರೆತವರೇ ಹೆಚ್ಚು. ನಿರಿಗೆಯ ಬಾಯಿ ರಾಣಿಯ ಎಡಕ್ಕೆ, ಸೆರಗು ರಾಣಿಯ ಎಡ ಭುಜಕ್ಕೆ. ಎರಡೂ ನಿಮಗೆ ಬಲಗಡೆ ಕಾಣಬೇಕು. ಕೂರಿಸುವಾಗಲೂ ರಾಣಿ ರಾಜನ ಎಡಕ್ಕೆ, ಅಂದರೆ ನೋಡುವವರ ಬಲಕ್ಕೆ. ಅನುಮಾನವಿದ್ದರೆ ಗೊಂಬೆಯ ಎಡ ಅಂಗಾಲಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಕೊಡವ ಉಡುಗೆ ಮಾಡಬೇಕೆನ್ನುವವರಿಗೆ ಲೆಕ್ಕ ಬೇರೆ: ನಿರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿಂದ ಬಂದು ಬಲ ಭುಜಕ್ಕೆ. ಮುಂಭಾಗ ಚಪ್ಪಟೆಯಾಗಿ ಚೆಂದ ಕಾಣುತ್ತದೆ, ಹೊಸಬರಿಗೆ ಸುಲಭವೂ ಹೌದು. ಕೈಗೆ ಕಿಂಡಿಯಿಲ್ಲದ ಗೊಂಬೆಗೆ ಮಾತ್ರ ಆಗದು. ಉತ್ತರ ಕರ್ನಾಟಕದ ಕಚ್ಚೆ ಸೀರೆ ಕಾಲು ಬೇರೆ ಬೇರೆಯಾಗಿ ಕೆತ್ತಿದ ಗೊಂಬೆಗಷ್ಟೇ.

ಸೆರಗು

42 ಸೆಂ.ಮೀ. ತುಂಡನ್ನು ಅದೇ ರಟ್ಟಿನ ಉಪಾಯದಲ್ಲಿ ಉದ್ದುದ್ದಕ್ಕೆ 3 ಸೆಂ.ಮೀ. ಅಗಲದ ಆರು ಮಡಿಕೆ ಮಾಡಿ, ಅಂಚು ಎಲ್ಲಕ್ಕಿಂತ ಮೇಲೆ ಬರಲಿ. ಇಸ್ತ್ರಿ ಒತ್ತಿ, ಭುಜದ ಮೇಲೆ ಬರುವ ಜಾಗದಲ್ಲಿ ಒಂದು ಹೊಲಿಗೆ ಹಾಕಿ. ಒಂದು ತುದಿಯನ್ನು ಬೆನ್ನ ನಡುವೆ ಲಾಡಿಯೊಳಗೆ ಸಿಕ್ಕಿಸಿ, ಬಲ ಸೊಂಟ ಬಳಸಿ ಎದೆಯ ಮೇಲೆ ಓರೆಯಾಗಿ ಎಡ ಭುಜಕ್ಕೆ ತನ್ನಿ. ಭುಜದಲ್ಲಿ ಮಡಿಕೆ ಬಿಗಿಯಾಗಿರಲಿ, ಬಲ ಸೊಂಟದಲ್ಲಿ ಬಿಡಿಸಿ ಹರಡಿ, ಕೆಳಭಾಗದ ಮೇಲ್ತುದಿ ಕಾಣದಂತೆ ಮುಚ್ಚಲಿ. ಉಳಿದದ್ದು ಬೆನ್ನ ಮೇಲೆ ಮೊಣಕಾಲಿನವರೆಗೆ ಇಳಿಯುತ್ತದೆ. ಭುಜಕ್ಕೆ ಪಿನ್ನು ಬೇಡ, ತುಕ್ಕು ಬಂದು ರೇಷ್ಮೆಗೆ ಕಂದು ಚುಕ್ಕೆ ಬೀಳುತ್ತದೆ. ಕುಪ್ಪಸಕ್ಕೆ ಸೇರಿಸಿ ಒಂದು ಹೊಲಿಗೆ ಸಾಕು. ಗ್ಲೂ ಗನ್ನಿನ ಬಿಸಿ ಅಂಟು ರೇಷ್ಮೆಯ ಈಚೆಗೆ ಒಸರಿ ಎಣ್ಣೆ ಬಿದ್ದ ಹಾಗೆ ಹೊಳೆಯುತ್ತದೆ. ಅದರ ದಾರಿಗೇ ಹೋಗಬೇಡಿ.

ರಾಜನಿಗೆ

ಪಂಚೆ, ವಲ್ಲಿ, ಅರ್ಧ ಗಂಟೆಯ ಕೆಲಸ. ಪೇಟಕ್ಕೆ ತುಸು ತಾಳ್ಮೆ ಬೇಕು. ತಲೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಚೂರುಗಳನ್ನು ಬಿಳಿ ಅಂಟಿನಿಂದ ಮೂರು ಪದರ ಕೂರಿಸಿ, ಒಣಗಿದ ಮೇಲೆ ಟೋಪಿಯಂತೆ ಬಿಚ್ಚಿಕೊಳ್ಳಿ. ಮರಕ್ಕೆ ಅಂಟು ತಾಗಬಾರದು ಎನ್ನುವುದಕ್ಕೇ ಪ್ಲಾಸ್ಟಿಕ್. ಬಟ್ಟೆಯನ್ನು ಅಡ್ಡಲಾಗಿ ಅಲ್ಲ, ಓರೆಯಾಗಿ 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಓರೆ ಕತ್ತರಿಸಿದ ಬಟ್ಟೆ ಮಾತ್ರ ಸುಕ್ಕಿಲ್ಲದೆ ದುಂಡಗೆ ತಿರುಗುತ್ತದೆ. ಮೂರಾಗಿ ಮಡಚಿ, ಹಣೆಯ ನಡುವಿನಿಂದ ಓರೆಯಾಗಿ ನಾಲ್ಕೈದು ಸುತ್ತು, ಕೊನೆಗೆ ಜರಿಯ ಪಟ್ಟಿ. ತಲೆಯಲ್ಲೇ ಕಿರೀಟ ಕೆತ್ತಿದ್ದರೆ ಪೇಟದ ಗೋಜು ಬೇಡ.

ಒಡವೆಗೆ 2 ಮಿ.ಮೀ. ಮಣಿ. ಅದಕ್ಕಿಂತ ದೊಡ್ಡದು ಹಾಕಿದರೆ ಸರ ಹೋಗಿ ನೊಗವಾಗುತ್ತದೆ. ಮಲ್ಲಿಗೆ ದಂಡೆಗೆ ಸಬ್ಬಕ್ಕಿ ಪೋಣಿಸುವ ಚಾಳಿ ಇದೆ, ಎರಡೇ ದಿನಕ್ಕೆ ಇರುವೆ ಸಾಲುಗಟ್ಟುತ್ತದೆ. ಬಿಳಿ ಕ್ರೋಶಾ ದಾರದಲ್ಲಿ ಒತ್ತೊತ್ತಾಗಿ ಗಂಟು ಹಾಕುತ್ತಾ ಹೋದರೆ ಮೊಗ್ಗಿನ ದಂಡೆ ಸಿದ್ಧ.

ಎತ್ತಿಡುವಾಗ

ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸಿದ ಮೇಲೆ ಸೀರೆಯ ಕೆಳಭಾಗವನ್ನು ಲಾಡಿ ಬಿಚ್ಚಿ ತೆಗೆದು, ನಿರಿಗೆಯೊಳಕ್ಕೆ ರಟ್ಟು ತೂರಿಸಿ ಚಪ್ಪಟೆಯಾಗಿ ಇಡಿ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ವೃತ್ತಪತ್ರಿಕೆಯ ಶಾಯಿ ಅಂಟುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಅದರ ಬದಲು ಒಣಗಿದ ಬೇವಿನೆಲೆ, ನಾಲ್ಕಾರು ಲವಂಗವನ್ನು ಪುಟ್ಟ ಬಟ್ಟೆಗಂಟಿನಲ್ಲಿ ಮೂಲೆಗಿಡಿ. ಯುಗಾದಿಯ ಹೊತ್ತಿಗೊಮ್ಮೆ ಪೆಟ್ಟಿಗೆ ತೆರೆದು ಗಾಳಿಯಾಡಿಸಿ, ಬೇವಿನೆಲೆ ಬದಲಿಸಿ, ಜರಿ ಸೆರಗಿನ ಮಡಿಕೆಯನ್ನು ಹಿಂದಿನ ಗೆರೆಯ ಮೇಲೆ ಬಾರದಂತೆ ಬೇರೆ ಕಡೆ ಮಡಚಿಡಿ.