ಗೇಟಿಲ್ಲದ ಗಡಿ: ಬೆಲ್‌ಫಾಸ್ಟ್, ನ್ಯೂರಿ ಕಡೆ ಬರುವ ಕನ್ನಡಿಗರಿಗೆ

ಹೋದ ವಾರ ಹಾಸನದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಬೆಲ್‌ಫಾಸ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾನೂ ಬಂದಿದೆ. "ಅಣ್ಣಾ, ದೋಹಾ ಮೇಲೆ ಡಬ್ಲಿನ್‌ಗೆ ಟಿಕೆಟ್ ಅಗ್ಗ ಇದೆ, ಅಲ್ಲಿಂದ ಬಸ್ಸಲ್ಲಿ ಎರಡು ಗಂಟೆ ಅಂತೆ, ಬುಕ್ ಮಾಡಿಬಿಡ್ಲಾ?" ಅಂದಳು. ಸ್ವಲ್ಪ ತಡಿ ತಾಯಿ ಅಂದೆ. ನ್ಯೂರಿಗೆ ಬಂದು ಹನ್ನೆರಡು ವರ್ಷ ದಾಟಿತು, ಈ ಪ್ರಶ್ನೆಗೆ ಎಷ್ಟು ಜನಕ್ಕೆ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಒಂದೇ ಸಲ ಬರೆದು ಇಟ್ಟರೆ ಮುಂದೆ ಕಳಿಸಲು ಸುಲಭ, ಅದಕ್ಕೇ ಕೂತಿದ್ದೇನೆ.

ಮೊದಲು ಭೂಗೋಳ. ದ್ವೀಪ ಒಂದು, ದೇಶ ಎರಡು. ಡಬ್ಲಿನ್, ಕಾರ್ಕ್, ಡಂಡಾಕ್ ಇರುವುದು ಐರ್ಲೆಂಡ್ ಗಣರಾಜ್ಯದಲ್ಲಿ. ಅಲ್ಲಿ ಯೂರೋ, ಯುರೋಪಿಯನ್ ಒಕ್ಕೂಟ. ಬೆಲ್‌ಫಾಸ್ಟ್, ನ್ಯೂರಿ, ಡೆರಿ ಇರುವುದು ನಾರ್ದರ್ನ್ ಐರ್ಲೆಂಡ್‌ನಲ್ಲಿ. ಇಲ್ಲಿ ಪೌಂಡ್, ಬ್ರಿಟನ್ನಿನ ಭಾಗ. ಬ್ರಿಟನ್ 2020ರ ಜನವರಿ 31ಕ್ಕೆ ಒಕ್ಕೂಟ ಬಿಟ್ಟಿತು (ಬ್ರೆಕ್ಸಿಟ್ ಅನ್ನುವುದು ಇದನ್ನೇ), ಹಳೇ ವ್ಯಾಪಾರ ನಿಯಮ ಆ ವರ್ಷದ ಕೊನೆಯವರೆಗೆ ಮುಂದುವರಿದು ಆಮೇಲೆ ನಿಂತಿತು. ಎರಡರ ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟುವ ರಸ್ತೆಗಳೇ 200ಕ್ಕಿಂತ ಜಾಸ್ತಿ. ಕ್ಲೋನ್ಸ್‌ನಿಂದ ಕ್ಯಾವನ್ ಕಡೆ ಹೋಗುವ ರಸ್ತೆಯಂತೂ ಹತ್ತು ಕಿಲೋಮೀಟರ್ ಒಳಗೆ ನಾಲ್ಕು ಸಲ ಗಡಿ ದಾಟುತ್ತದೆ. ಹೋಗುವವರಿಗೆ ತಾವು ಯಾವ ದೇಶದಲ್ಲಿದ್ದೇವೆ ಅನ್ನುವ ಗೊಡವೆಯೇ ಇರುವುದಿಲ್ಲ.

ನೀವು ನ್ಯೂರಿಯಿಂದ ಡಂಡಾಕ್‌ಗೆ ಕಾರಲ್ಲಿ ಹೋಗಿ ನೋಡಿ. ಗೇಟಿಲ್ಲ, ಪೊಲೀಸಿಲ್ಲ, ಬಾವುಟವಿಲ್ಲ. ರಸ್ತೆಯ ಅಂಚಿನ ಬಿಳಿ ಗೆರೆ ಹಳದಿ ಆಗುತ್ತದೆ. ಊರ ಹೆಸರಿನ ಬೋರ್ಡಿನಲ್ಲಿ ಐರಿಷ್ ಭಾಷೆ ಮೇಲೆ ಬರುತ್ತದೆ. ಕೆಂಪು ಅಂಚೆ ಡಬ್ಬ ಹಸಿರಾಗುತ್ತದೆ. ಫೋನಿಗೆ ಒಂದು ಮೆಸೇಜು ಬರುತ್ತದೆ, ಅಷ್ಟೇ. ಜಿಎಸ್‌ಟಿಗೆ ಮುಂಚೆ ಅತ್ತಿಬೆಲೆ ಚೆಕ್‌ಪೋಸ್ಟ್‌ನಲ್ಲಿ ಲಾರಿಗಳ ಸಾಲು ನೋಡಿದವರಿಗೆ ಇದು ಗಡಿ ಅಂದರೆ ನಂಬಿಕೆ ಬರುವುದಿಲ್ಲ.

ಹೀಗೆ ಇಟ್ಟಿರುವುದಕ್ಕೆ ಕಾರಣ ಇದೆ. 1923ರಲ್ಲಿ ಈ ಗಡಿಯ ಮೇಲೆ ಸುಂಕದ ಕಟ್ಟೆಗಳು ಬಂದವು. ಆಮೇಲೆ, ಉತ್ತರ ಭಾಗ ಬ್ರಿಟನ್ ಜೊತೆ ಇರಬೇಕೋ ಐರ್ಲೆಂಡ್ ಸೇರಬೇಕೋ ಅನ್ನುವ ಗಲಭೆಯ ಮೂವತ್ತು ವರ್ಷ. ಸೈನ್ಯದ ಕಾವಲು ಗೋಪುರಗಳು, ಬೇಕೆಂದೇ ಗುಂಡಿ ತೋಡಿ ಮುಚ್ಚಿದ ಹಳ್ಳಿ ರಸ್ತೆಗಳು. ನಮ್ಮ ಪಕ್ಕದ ಮನೆಯ ಅಜ್ಜ ಹೇಳುತ್ತಾರೆ, ಅವರ ತಂಗಿಯ ಮನೆ ಗದ್ದೆ ಆಚೆಗೇ ಕಾಣುತ್ತಿತ್ತಂತೆ, ಹೋಗಬೇಕಾದರೆ ಒಂದು ಗಂಟೆ ಸುತ್ತಬೇಕಿತ್ತಂತೆ. 1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ ಬಂದು ಸುಂಕದ ತಪಾಸಣೆ ಹೋಯಿತು, 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಸೈನಿಕರೂ ಹೋದರು. ಬ್ರೆಕ್ಸಿಟ್ ಆದಾಗ ಮತ್ತೆ ಇಲ್ಲಿ ಕಟ್ಟೆ ಕಟ್ಟುವುದು ಯಾರಿಗೂ ಬೇಡವಾಗಿತ್ತು. ಆದರೆ ಒಕ್ಕೂಟದ ಒಳಗೊಂದು ದೇಶ, ಹೊರಗೊಂದು ದೇಶ ಅಂದಮೇಲೆ ಸರಕು ಎಲ್ಲಾದರೂ ಒಂದು ಕಡೆ ತಪಾಸಣೆ ಆಗಲೇಬೇಕಲ್ವಾ? ಆ ತಪಾಸಣೆಯನ್ನು ಎತ್ತಿ ಸಮುದ್ರದ ಮೇಲೆ ಇಟ್ಟರು. ನಾರ್ದರ್ನ್ ಐರ್ಲೆಂಡ್ ಸರಕಿನ ವಿಷಯದಲ್ಲಿ ಒಕ್ಕೂಟದ ನಿಯಮದಲ್ಲೇ ಉಳಿಯಿತು. ಇಂಗ್ಲೆಂಡ್, ಸ್ಕಾಟ್‌ಲೆಂಡ್‌ನಿಂದ ಬರುವ ಸರಕಿಗೆ ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಲ್ಲಿ ಕಾಗದಪತ್ರ. ಬ್ರಿಟನ್, ಒಕ್ಕೂಟ ಮಾಡಿಕೊಂಡ 2023ರ ವಿಂಡ್ಸರ್ ಒಪ್ಪಂದ ಅದನ್ನು ಸ್ವಲ್ಪ ಸಡಿಲ ಮಾಡಿತು. ಇಲ್ಲೇ ಉಳಿಯುವ ಮಾಲಿಗೆ ಕಡಿಮೆ ಕಾಗದದ ಹಸಿರು ದಾರಿ, ಗಡಿ ದಾಟಿ ಐರ್ಲೆಂಡಿಗೆ ಹೋಗಬಹುದಾದ ಮಾಲಿಗೆ ಪೂರ್ತಿ ತಪಾಸಣೆಯ ಕೆಂಪು ದಾರಿ. ಸೂಪರ್‌ಮಾರ್ಕೆಟ್‌ನಲ್ಲಿ ಹಾಲಿನ ಕ್ಯಾನ್ ಮೇಲೆ 'ನಾಟ್ ಫಾರ್ ಇಯು' (ಒಕ್ಕೂಟದಲ್ಲಿ ಮಾರಲು ಅಲ್ಲ) ಅಂತ ಕಾಣುತ್ತದಲ್ಲ, ಅದು ಇದರದೇ ಕಥೆ. ಕುಡಿಯಬಹುದು, ಕೆಟ್ಟಿಲ್ಲ.

ಹೀಗಾಗಿ ನೆಲದ ಗಡಿಯಲ್ಲಿ ಸರಕಿಗೆ ತಡೆಯೇ ಇಲ್ಲ. ಇಲ್ಲಿ ಕರೆದ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ದಿನಾ ಟ್ಯಾಂಕರಿನಲ್ಲಿ ದಕ್ಷಿಣದ ಡೇರಿಗಳಿಗೆ ಹೋಗುತ್ತದೆ. ಡಬ್ಲಿನ್‌ನಲ್ಲಿ ತಯಾರಾದ ಗಿನ್ನೆಸ್ ಬೆಲ್‌ಫಾಸ್ಟ್‌ಗೆ ಬಂದು, ಬಾಟಲಿ, ಕ್ಯಾನ್ ತುಂಬಿಸಿಕೊಂಡು, ರಫ್ತಾಗಲು ಮತ್ತೆ ಡಬ್ಲಿನ್‌ಗೆ ಹೋಗುತ್ತದೆ. ಯಾರೂ ನಿಲ್ಲಿಸಿ ಕೇಳುವುದಿಲ್ಲ.

ನಿಮ್ಮನ್ನು ಕೇಳಬಹುದು. ಹೊಸಬರು ಎಡವುವುದು ಇಲ್ಲೇ.

ಬ್ರಿಟಿಷರು, ಐರಿಷರು ವೀಸಾ ಇಲ್ಲದೆ ಓಡಾಡುವುದು ಕಾಮನ್ ಟ್ರಾವೆಲ್ ಏರಿಯಾ ಅನ್ನುವ ಏರ್ಪಾಡಿನಿಂದ. 1920ರ ದಶಕದ ವ್ಯವಸ್ಥೆ ಅದು, ಬ್ರೆಕ್ಸಿಟ್ ಆದಮೇಲೂ ಉಳಿದಿದೆ. ಅದು ಆ ಎರಡು ದೇಶದ ಪ್ರಜೆಗಳಿಗೆ ಮಾತ್ರ. ನಿಮ್ಮ ಕೈಲಿರುವುದು ಭಾರತದ ಪಾಸ್‌ಪೋರ್ಟ್ ಆದರೆ, ಬ್ರಿಟನ್ನಿನ ಕೆಲಸದ ವೀಸಾ ಇಟ್ಟುಕೊಂಡು ಡಬ್ಲಿನ್‌ನಲ್ಲಿ ಇಳಿದು ಬೆಲ್‌ಫಾಸ್ಟ್ ಬಸ್ ಹತ್ತುವುದಕ್ಕೂ, ಡಂಡಾಕ್‌ಗೆ ಕಾಫಿ ಕುಡಿಯಲು ಹೋಗುವುದಕ್ಕೂ ಐರಿಷ್ ವೀಸಾ ಬೇಕು. ಡಬ್ಲಿನ್‌ನಲ್ಲಿ ಕೆಲಸ ಮಾಡುವವರು ನ್ಯೂರಿಗೆ ಶಾಪಿಂಗ್ ಬರಲು ಬ್ರಿಟನ್ ವೀಸಾ ಬೇಕು. "ಚೆಕ್ಕೇ ಮಾಡಲ್ವಲ್ಲ ಸಾರ್" ಅಂತಾರೆ. ಯಾವಾಗಲೂ ಮಾಡುವುದಿಲ್ಲ, ನಿಜ. ಮಾಡಿದ ದಿನ ನೀವು ಆ ಬಸ್ಸಿನಲ್ಲಿ ಇರಬಾರದು, ಅಷ್ಟೇ.

ನಾನು ಇದ್ದೆ. ಬಂದ ಮೊದಲ ವರ್ಷ, ಆಗ ಬ್ರೆಕ್ಸಿಟ್ ಅನ್ನುವ ಪದವನ್ನೇ ಯಾರೂ ಆಡುತ್ತಿರಲಿಲ್ಲ. ಡಬ್ಲಿನ್‌ನಲ್ಲಿ ಗೆಳೆಯನ ಮನೆಯಲ್ಲಿ ಯುಗಾದಿ ಊಟ. ಕೈಯಲ್ಲಿ ಒಬ್ಬಟ್ಟಿನ ಡಬ್ಬಿ ಹಿಡಿದು ಬಸ್ ಹತ್ತಿದೆ. ಗಡಿ ದಾಟಿ ಸ್ವಲ್ಪ ದೂರಕ್ಕೆ ಬಸ್ ನಿಂತಿತು, ಇಬ್ಬರು ಗಾರ್ಡಾ, ಅಂದರೆ ಐರಿಷ್ ಪೊಲೀಸರು, ಹತ್ತಿದರು. ಒಬ್ಬೊಬ್ಬರನ್ನೇ ನೋಡುತ್ತಾ ಬಂದು ನನ್ನ ಹತ್ತಿರ ನಿಂತರು. ಬ್ರಿಟನ್ನಿನ ಕಾರ್ಡ್ ತೋರಿಸಿದೆ, ತುಂಬಾ ಧೈರ್ಯದಿಂದ. ಅವರು ಬಹಳ ಮರ್ಯಾದೆಯಿಂದಲೇ ಇಳಿಸಿದರು, ಅದು ಬೇರೆ ಮಾತು. ಬೆಲ್‌ಫಾಸ್ಟ್ ಕಡೆಯ ಬಸ್ಸಿಗೆ ಹತ್ತಿಸುವವರೆಗೆ ನಾನು, ನನ್ನ ಒಬ್ಬಟ್ಟು, ಮಳೆ. ಹಾಗಾಗಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ನಮ್ಮ ವೀಸಾ ತಾಪತ್ರಯ ಬ್ರೆಕ್ಸಿಟ್ ತಂದದ್ದಲ್ಲ, ಅದಕ್ಕೂ ಮೊದಲೇ ಇತ್ತು. ಟಿವಿಯಲ್ಲಿ 'ಓಪನ್ ಬಾರ್ಡರ್' ಅಂತ ಕೇಳಿ ಮೋಸಹೋಗಬೇಡಿ. ಐರಿಷ್ ಪೊಲೀಸರ ತಪಾಸಣೆ ಬಸ್ಸಲ್ಲೂ ಆಗುತ್ತದೆ, ಬೆಲ್‌ಫಾಸ್ಟ್–ಡಬ್ಲಿನ್ ಎಂಟರ್‌ಪ್ರೈಸ್ ರೈಲಲ್ಲೂ ಆಗುತ್ತದೆ.

ಡಬ್ಲಿನ್ ಕಡೆ ಇರುವವರು ಇನ್ನೊಂದು ಬಲೆಗೆ ಬೀಳುತ್ತಾರೆ. ಡೊನಿಗಾಲ್ ನೋಡಲು ಹೊರಡುತ್ತಾರೆ. ಡೊನಿಗಾಲ್ ಐರ್ಲೆಂಡಿನದೇ ಜಿಲ್ಲೆ, ಆದರೆ ಡಬ್ಲಿನ್–ಲೆಟರ್‌ಕೆನಿ ಬಸ್ ಮೊನಹನ್ ದಾಟಿ ಓಮಾ ಊರಿನ ಮೇಲೆ ಹೋಗುತ್ತದೆ. ಓಮಾ ಬ್ರಿಟನ್. ದೇಶದೊಳಗೇ ಪ್ರಯಾಣ ಅಂದುಕೊಂಡು ಹೊರಟವರು ಮಧ್ಯೆ ಒಂದು ಗಂಟೆ ವೀಸಾ ಇಲ್ಲದೆ ಇನ್ನೊಂದು ದೇಶದಲ್ಲಿ ಇರುತ್ತಾರೆ. ಸ್ಲೈಗೋ ಮೇಲೆ ಹೋಗಿ, ದೂರವಾದರೂ.

ಇನ್ನು ಅಪ್ಪ ಅಮ್ಮನನ್ನು ಕರೆಸುವ ವಿಷಯ. ಇದರಲ್ಲಿ ನಮಗೊಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಭಾರತೀಯರ ಪ್ರವಾಸಿ ವೀಸಾಕ್ಕೆ ಬ್ರಿಟಿಷ್–ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ವೀಸಾದ ಮೇಲೆ 'ಬಿಐವಿಎಸ್' ಅಂತ ಇದ್ದರೆ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು. ಆದರೆ ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು. ಬ್ರಿಟನ್ ಕೊಟ್ಟ ವೀಸಾದಲ್ಲಿ ಸೀದಾ ಡಬ್ಲಿನ್‌ನಲ್ಲಿ ಇಳಿಯುವ ಹಾಗಿಲ್ಲ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇಳಿದು, ಇಮಿಗ್ರೇಷನ್ ಮುಗಿಸಿ, ಬೆಲ್‌ಫಾಸ್ಟ್‌ಗೆ ಬಂದು, ಆಮೇಲೆ ಡಬ್ಲಿನ್. ಐರ್ಲೆಂಡ್ ಕೊಟ್ಟ ವೀಸಾ ಆದರೆ ಇದು ತಿರುಗುಮುರುಗು. ಟಿಕೆಟ್ ತೆಗೆಯುವ ಮುಂಚೆ ಈ ಸಾಲನ್ನು ಎರಡು ಸಲ ಓದಿಕೊಳ್ಳಿ. ಮತ್ತೆ, ಇದು ಪ್ರವಾಸಿ ವೀಸಾಕ್ಕೆ ಮಾತ್ರ. ಮಗನಿಗೆ ಕೆಲಸದ ವೀಸಾ, ಅವನು ಡಬ್ಲಿನ್‌ಗೆ ಹೋಗುವಂತಿಲ್ಲ, ನೋಡಲು ಬಂದ ಅಪ್ಪ ಅಮ್ಮ ಹೋಗಬಹುದು ಅನ್ನುವ ತಮಾಷೆಯನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಇಲ್ಲೇ ಮಗು ಆದರೆ ಇನ್ನೊಂದು ಲೆಕ್ಕ. ಮಗು ಹುಟ್ಟುವುದಕ್ಕೆ ಹಿಂದಿನ 4 ವರ್ಷದಲ್ಲಿ ತಂದೆ ಅಥವಾ ತಾಯಿ 3 ವರ್ಷ ಈ ದ್ವೀಪದಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ, ಆ ಮಗುವಿಗೆ ಐರಿಷ್ ಪೌರತ್ವದ ಹಕ್ಕು ಇದೆ. ವಾಸ ಉತ್ತರದಲ್ಲಾದರೂ ಸರಿ, ದಕ್ಷಿಣದಲ್ಲಾದರೂ ಸರಿ. ಓದಲು ಬಂದ ವೀಸಾದ ಕಾಲ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ ಪೌರತ್ವದ ನಿಯಮ ಇದಕ್ಕಿಂತ ಬೇರೆ, ಬೆರೆಸಬೇಡಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಆದ್ದರಿಂದ ಗಂಡ ಹೆಂಡತಿ ಕೂತು ಯೋಚಿಸಿ ತೀರ್ಮಾನ ಮಾಡಿ. 2025ರ ಮಾರ್ಚ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲೇ ಭಾರತದ ಕಾನ್ಸುಲೇಟ್ ತೆರೆದಿರುವುದರಿಂದ ಇಂಥ ವಿಷಯ ವಿಚಾರಿಸಲು ಸಮುದ್ರ ದಾಟಬೇಕಿಲ್ಲ.

ಕೆಲಸದ ವಿಷಯ ಚಿಕ್ಕದಾಗಿ. ಡಂಡಾಕ್‌ನಲ್ಲಿ ಇದ್ದುಕೊಂಡು ನ್ಯೂರಿಯಲ್ಲಿ ಕೆಲಸ ಮಾಡುವ ಐರಿಷರು ಬಹಳ ಜನ. ನೀವು ಅವರನ್ನು ನೋಡಿ ಆಚೆ ಮನೆ ಹಿಡಿಯಲು ಹೋಗಬೇಡಿ. ನರ್ಸ್ ಆಗಿ ಬಂದವರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಆಚೆ ಆಸ್ಪತ್ರೆಯಲ್ಲಿ ವೀಕೆಂಡ್ ಶಿಫ್ಟ್‌ಗೆ ದುಡ್ಡು ಜಾಸ್ತಿ ಅಂತ ಯಾರಾದರೂ ಏಜೆಂಟ್ ಹೇಳಿದರೆ, ಅಲ್ಲಿನ ಪರ್ಮಿಟ್ಟೂ ಅಲ್ಲಿನ ನೋಂದಣಿಯೂ ಬೇರೆ ಬೇಕು. ಇಲ್ಲದಿದ್ದರೆ ಇರುವ ವೀಸಾಕ್ಕೇ ಕುತ್ತು.

ಪಾರ್ಸಲ್. ಇಂಗ್ಲೆಂಡಿನ ಕೆಲವು ಅಂಗಡಿಯವರು ನಾರ್ದರ್ನ್ ಐರ್ಲೆಂಡ್ ಅಂದರೆ ಕಳಿಸುವುದೇ ಇಲ್ಲ. ನನ್ನ ಹೆಂಡತಿ ಒಂದು ಟೇಬಲ್ ಟಾಪ್ ಗ್ರೈಂಡರ್ ಆರ್ಡರ್ ಮಾಡಿದ್ದಳು. ದುಡ್ಡು ತೆಗೆದುಕೊಂಡು, ಹತ್ತು ದಿನ ಸುಮ್ನೆ ಕೂತು, ಬಿಟಿ ಅಂತ ಶುರುವಾಗುವ ಪಿನ್‌ಕೋಡಿಗೆ ಕಳಿಸಲ್ಲ ಅಂತ ವಾಪಸ್ ಕೊಟ್ಟರು. ದೋಸೆ ಹಿಟ್ಟಿಗೆ ಬ್ರೆಕ್ಸಿಟ್ ತಗುಲಿದ್ದು ಹೀಗೆ. ಕೊನೆಗೆ ಬರ್ಮಿಂಗ್‌ಹ್ಯಾಮ್‌ನ ಪರಿಚಯದವರು ಕಾರಿನಲ್ಲಿ ಫೆರಿ ಹತ್ತಿಸಿ ತಂದುಕೊಟ್ಟರು. ಆದರೂ ನಮ್ಮದು ವಾಸಿ. ಡಬ್ಲಿನ್‌ನವರು ಲೆಸ್ಟರಿನ ಅಂಗಡಿಯಿಂದ ಸೀರೆ ತರಿಸಿದರೆ ಅದು ಹೊರದೇಶದ ಮಾಲು, 23 ಪರ್ಸೆಂಟ್ ವ್ಯಾಟ್ ಬೀಳುತ್ತದೆ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆಗೆ 45 ಯೂರೋವರೆಗೆ ವಿನಾಯಿತಿ.

ಡ್ರೈವಿಂಗ್. ಉತ್ತರದಲ್ಲಿ ಮೈಲಿ, ದಕ್ಷಿಣದಲ್ಲಿ ಕಿಲೋಮೀಟರ್. 60 ಅನ್ನುವ ಅಂಕಿ ಇಲ್ಲಿ ಹತ್ತಿರ ಹತ್ತಿರ 97 ಕಿಲೋಮೀಟರ್, ಅಲ್ಲಿ ಬರೀ 60. ಡಬ್ಲಿನ್ ಸುತ್ತುವ ಎಂ50 ರಸ್ತೆಯಲ್ಲಿ ಟೋಲ್ ಬೂತ್ ಇಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಮಾರನೇ ದಿನ ರಾತ್ರಿ 8ರೊಳಗೆ ನೀವೇ ಆನ್‌ಲೈನಲ್ಲಿ ಕಟ್ಟಬೇಕು. ಬಾಡಿಗೆ ಕಾರಾದರೆ ಗಡಿ ದಾಟುತ್ತೇನೆ ಅಂತ ಮೊದಲೇ ಹೇಳಿ.

ಇನ್ನೊಂದು ಮಾತು, ಆಫೀಸಿನಲ್ಲಿ ಈ ಗಡಿಯ ಬಗ್ಗೆ ಅಭಿಪ್ರಾಯ ಹೇಳಲು ಹೋಗಬೇಡಿ. ಸಮುದ್ರದ ಗಡಿ ಬೇಡ ಅಂತ ಇಲ್ಲಿನ ಒಂದು ದೊಡ್ಡ ಪಕ್ಷ 2022ರಿಂದ ಎರಡು ವರ್ಷ ಸರ್ಕಾರ ನಡೆಯಲೇ ಬಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸ್ಟಾರ್ಮಾಂಟ್ ಸಭೆ, ಅಂದರೆ ನಾರ್ದರ್ನ್ ಐರ್ಲೆಂಡ್‌ನ ಶಾಸನಸಭೆ, 48ಕ್ಕೆ 36 ಮತದಲ್ಲಿ ಈ ವ್ಯವಸ್ಥೆಯನ್ನು ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಿತು, ಆದರೆ ಒಪ್ಪದವರು ನಿಮ್ಮ ಪಕ್ಕದ ಕುರ್ಚಿಯಲ್ಲೇ ಇರಬಹುದು. ಡೆರಿ ಅನ್ನಬೇಕಾ, ಲಂಡನ್‌ಡೆರಿ ಅನ್ನಬೇಕಾ ಅನ್ನುವುದರಲ್ಲೇ ಯಾರು ಯಾವ ಕಡೆ ಅಂತ ಗೊತ್ತಾಗುವ ಊರಿದು. ಹವಾಮಾನ ಮಾತಾಡಿ, ವಿಷಯಕ್ಕೆ ಬರವಿಲ್ಲ.

ಕೊನೆಗೆ ಸೂಟ್‌ಕೇಸ್. ಸಸ್ಯ, ಪ್ರಾಣಿ ಉತ್ಪನ್ನದ ವಿಷಯದಲ್ಲಿ ಈ ಇಡೀ ದ್ವೀಪಕ್ಕೆ ಯುರೋಪಿನ ನಿಯಮ. ಭಾರತದಿಂದ ತುಪ್ಪ, ಬೆಣ್ಣೆ, ಪನ್ನೀರು, ಯಾವ ಮಾಂಸವೂ ತರುವ ಹಾಗಿಲ್ಲ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಧಾರಾಳವಾಗಿ ತನ್ನಿ, ನಮಗೂ ಒಂದಿಷ್ಟು ಇರಲಿ.

ಹಾಸನದ ಹುಡುಗಿ ಕೊನೆಗೆ ಲಂಡನ್ ಮೇಲೆ ಬರುವ ಟಿಕೆಟ್ಟೇ ತೆಗೆದಳು, ಸ್ವಲ್ಪ ಜಾಸ್ತಿ ಆಯಿತಂತೆ. ನಿನ್ನೆ ರಾತ್ರಿ ಮತ್ತೆ ಮೆಸೇಜು: "ಅಣ್ಣಾ, ಅತ್ತಿಗೆಗೆ ನಮ್ಮ ಹಿತ್ತಲ ಕರಿಬೇವು ತರ್ಲಾ?" ಮೇಲಿನ ಪ್ಯಾರಾ ಬರೆದದ್ದೇ ಅದಕ್ಕೆ.