ಪಿಟ್‌ಗೆ ಯಾವ ಲ್ಯಾಪ್‌ನಲ್ಲಿ, ಎಷ್ಟು ಲೀಟರ್‌ಗೆ? ಸಿಮ್ ರೇಸಿಂಗ್‌ಗೆ ಒಂದು ಸ್ಪ್ರೆಡ್‌ಶೀಟ್

ಸಿಮ್ ರೇಸಿಂಗ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ನಿಜದಂತೆಯೇ ಓಡಿಸುವ ಕಾರು ಓಟದಲ್ಲಿ, ಒಂದು ಗಂಟೆಯ ಓಟದ ಕೊನೆಯ ಲ್ಯಾಪ್‌ನಲ್ಲಿ (ಟ್ರ್ಯಾಕ್‌ನ ಕೊನೆಯ ಸುತ್ತಿನಲ್ಲಿ) ಇಂಧನ ಮುಗಿದು ಕಾರು ನಿಂತುಹೋದರೆ, ಲ್ಯಾಪ್‌ಗೆ ಎಷ್ಟು ಇಂಧನ ಬೇಕೆಂಬ ಲೆಕ್ಕ ತಪ್ಪಿತೆಂದು ನಾವು ಮೊದಲು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಆ ಲೆಕ್ಕ ತಪ್ಪುವುದು ಅಪರೂಪ. ತಪ್ಪುವುದು ಓಟ ಒಟ್ಟು ಎಷ್ಟು ಲ್ಯಾಪ್ ನಡೆಯುತ್ತದೆ ಎಂಬ ಎಣಿಕೆ. ಆದ್ದರಿಂದ ಪಿಟ್ ಸ್ಟಾಪ್ (ಇಂಧನ, ಟೈರ್‌ಗಳಿಗಾಗಿ ಟ್ರ್ಯಾಕ್ ಬಿಟ್ಟು ನಿಲ್ಲುವುದು) ಯೋಜನೆಗೆ ಸ್ಪ್ರೆಡ್‌ಶೀಟ್ ಮಾಡುವವರು ಹೆಚ್ಚಿನ ಗಮನವನ್ನು ಆ ಎಣಿಕೆಗೂ, ಅದು ಅವಲಂಬಿಸಿರುವ ಪಿಟ್ ನಷ್ಟಕ್ಕೂ, ಅಂದರೆ ಪಿಟ್‌ಗೆ ಹೋಗುವುದರಿಂದ ಕಳೆಯುವ ಸಮಯಕ್ಕೂ, ಕೊಡಬೇಕು. ಉಳಿದದ್ದು ಬರಿಯ ಗುಣಾಕಾರ.

ಮೊದಲು ಅಭ್ಯಾಸದ ಅವಧಿಯಲ್ಲಿ ತುಂಬಿದ ಟ್ಯಾಂಕ್‌ನೊಂದಿಗೆ ಹತ್ತು ಲ್ಯಾಪ್‌ಗಳನ್ನು ಓಟದ ವೇಗದಲ್ಲಿ ಓಡಿಸಿ, ಪ್ರತಿ ಲ್ಯಾಪ್‌ನ ಸಮಯವನ್ನೂ ಲ್ಯಾಪ್ ಮುಗಿದಾಗ ಉಳಿದಿದ್ದ ಇಂಧನವನ್ನೂ ಎರಡು ಅಂಕಣಗಳಲ್ಲಿ ಬರೆದುಕೊಳ್ಳಿ. ಪಿಟ್‌ನಿಂದ ಹೊರಟ ಲ್ಯಾಪ್ ಮತ್ತು ಕಾರು ಜಾರಿದ ಲ್ಯಾಪ್‌ಗಳನ್ನು ಸರಾಸರಿಯಿಂದ ಬಿಟ್ಟುಬಿಡಬೇಕು. ಸಮಯವನ್ನು ತುಂಬುವಾಗ ಒಂದು ಎಚ್ಚರಿಕೆ ಅಗತ್ಯ: ಸ್ಪ್ರೆಡ್‌ಶೀಟ್‌ನಲ್ಲಿ 1:52 ಎಂದು ಬರೆದರೆ ಅದು ಒಂದು ಗಂಟೆ ಐವತ್ತೆರಡು ನಿಮಿಷ ಎಂದು ದಾಖಲಾಗುತ್ತದೆ, ಮತ್ತು ಒಳಗೆ ಆ ಸಮಯ ಇಡೀ ದಿನದ ಒಂದು ಭಾಗವಾಗಿ ಉಳಿಯುತ್ತದೆ. 0:01:52 ಎಂದು ಸರಿಯಾಗಿ ಬರೆದರೂ ಅದನ್ನು ಸೆಕೆಂಡಿಗೆ ತರಲು 86400ರಿಂದ ಗುಣಿಸಬೇಕಾಗುತ್ತದೆ. ಈ ತೊಡಕೇ ಬೇಡವೆಂದರೆ ಎಲ್ಲ ಸಮಯಗಳನ್ನೂ ನೇರವಾಗಿ ಸೆಕೆಂಡುಗಳಲ್ಲಿ, ಅಂದರೆ 112.4 ಎಂದು ಬರೆಯುವುದು ಲೇಸು.

ಮುಂದಿನ ಲೆಕ್ಕಕ್ಕೆ ಒಂದು ಕಾಲ್ಪನಿಕ ಓಟವನ್ನು ಇಟ್ಟುಕೊಳ್ಳೋಣ. ಅವಧಿ 3600 ಸೆಕೆಂಡು, ನಿಮ್ಮ ಸರಾಸರಿ ಲ್ಯಾಪ್ 112.4 ಸೆಕೆಂಡು, ಲ್ಯಾಪ್‌ಗೆ 2.85 ಲೀಟರ್ ಇಂಧನ, 70 ಲೀಟರ್ ಹಿಡಿಯುವ ಟ್ಯಾಂಕ್.

ಪಿಟ್ ನಷ್ಟವನ್ನು ಊಹಿಸದೆ ಅಳೆಯಬೇಕು. ಅದಕ್ಕೆ ಮೂರು ತುಂಡುಗಳಿವೆ. ಪಿಟ್ ಲೇನ್ 400 ಮೀಟರ್ ಉದ್ದವಿದ್ದು ವೇಗಮಿತಿ ಗಂಟೆಗೆ 60 ಕಿಲೋಮೀಟರ್ ಆಗಿದ್ದರೆ ಅದನ್ನು ದಾಟಲು 24 ಸೆಕೆಂಡು ಹಿಡಿಯುತ್ತದೆ. ಅದೇ ದೂರವನ್ನು ಟ್ರ್ಯಾಕ್‌ನಲ್ಲಿ 200 ಕಿಲೋಮೀಟರ್ ವೇಗದಲ್ಲಿ 7.2 ಸೆಕೆಂಡಿನಲ್ಲಿ ದಾಟುತ್ತೀರಿ, ಆದ್ದರಿಂದ ನಷ್ಟ 16.8 ಸೆಕೆಂಡು. ನಿಲ್ಲಿಸುವುದಕ್ಕೂ ಮತ್ತೆ ಹೊರಡುವುದಕ್ಕೂ ಹೋಗುವ 2.4 ಸೆಕೆಂಡನ್ನು ಇದಕ್ಕೆ ಸೇರಿಸಿ. ಮೂರನೆಯದು ನಿಂತಿರುವ ಸಮಯ: ಸೆಕೆಂಡಿಗೆ 2.5 ಲೀಟರ್ ತುಂಬುವುದಾದರೆ 27 ಲೀಟರ್‌ಗೆ (ಈ ಸಂಖ್ಯೆ ಹೇಗೆ ಬಂತೆಂದು ಮುಂದೆ ನೋಡೋಣ) 10.8 ಸೆಕೆಂಡು. ಟೈರ್ ಬದಲಾವಣೆಯೂ ಇಂಧನ ತುಂಬುವುದೂ ಒಟ್ಟಿಗೆ ನಡೆಯುವ ನಿಯಮವಿದ್ದರೆ ಎರಡರಲ್ಲಿ ದೊಡ್ಡದನ್ನು ಹಿಡಿಯುವ ಮ್ಯಾಕ್ಸ್ ಸೂತ್ರವನ್ನೂ, ಒಂದಾದ ಮೇಲೊಂದು ನಡೆಯುವುದಾದರೆ ಮೊತ್ತವನ್ನು ಕೊಡುವ ಸಮ್ ಸೂತ್ರವನ್ನೂ ಬಳಸಬೇಕು. ಇಲ್ಲಿ ಟೈರ್‌ಗೆ 10 ಸೆಕೆಂಡು ಹಿಡಿಯುತ್ತದೆ, ಎರಡೂ ಒಟ್ಟಿಗೆ ನಡೆಯುತ್ತವೆ ಎಂದುಕೊಂಡರೆ ಒಟ್ಟು ಪಿಟ್ ನಷ್ಟ 30 ಸೆಕೆಂಡು. ಈ ಸಂಖ್ಯೆಯನ್ನು ಅಭ್ಯಾಸದಲ್ಲಿ ಒಮ್ಮೆ ಪರೀಕ್ಷಿಸಿ: ಪಿಟ್‌ಗೆ ಬಂದ ಲ್ಯಾಪ್ ಮತ್ತು ಪಿಟ್‌ನಿಂದ ಹೊರಟ ಲ್ಯಾಪ್‌ಗಳ ಮೊತ್ತದಿಂದ ಎರಡು ಸಾಮಾನ್ಯ ಲ್ಯಾಪ್‌ಗಳನ್ನು ಕಳೆದರೆ ಬರುವ ಅಂತರ ಇದಕ್ಕೆ ಹತ್ತಿರವಿರಬೇಕು.

ಈಗ ಲ್ಯಾಪ್ ಎಣಿಕೆ. 3600ನ್ನು 112.4ರಿಂದ ಭಾಗಿಸಿದರೆ 32.03 ಬರುತ್ತದೆ, ಮೇಲಕ್ಕೆ ಪೂರ್ಣಾಂಕ ಮಾಡಿದರೆ 33. ಆದರೆ ಪಿಟ್‌ನಲ್ಲಿ ಕಳೆಯುವ 30 ಸೆಕೆಂಡನ್ನು ಮೊದಲೇ ತೆಗೆದು 3570ನ್ನು ಭಾಗಿಸಿದರೆ 31.76, ಅಂದರೆ 32 ಲ್ಯಾಪ್. ಇಷ್ಟಕ್ಕೇ ನಿಲ್ಲಿಸಿ ಒಂದು ಲ್ಯಾಪ್‌ನ ಇಂಧನ ಉಳಿಸಿದೆವೆಂದು ಸಂತೋಷಪಡುವವರೇ ಕೊನೆಯಲ್ಲಿ ಸಿಕ್ಕಿಬೀಳುತ್ತಾರೆ. ಸಮಯ ಮುಗಿದ ಮೇಲೆ ಮೊದಲ ಸ್ಥಾನದಲ್ಲಿರುವವರು ಗೆರೆ ದಾಟಿದಾಗ ಓಟ ಮುಗಿಯುವ ನಿಯಮವಿದ್ದರೆ, ನಿಮ್ಮ ಲ್ಯಾಪ್‌ಗಳನ್ನು ನಿರ್ಧರಿಸುವುದು ಅವರ ವೇಗ. ಅವರ ಸರಾಸರಿ 111 ಸೆಕೆಂಡು, ಅವರಿಗೂ ಒಂದು ಪಿಟ್ ಸ್ಟಾಪ್ ಎಂದುಕೊಳ್ಳಿ: 3570ನ್ನು 111ರಿಂದ ಭಾಗಿಸಿದರೆ 32.16, ಆದ್ದರಿಂದ ಅವರು 33 ಲ್ಯಾಪ್ ಓಡಿ 3693ನೆಯ ಸೆಕೆಂಡಿನಲ್ಲಿ ಗೆರೆ ದಾಟುತ್ತಾರೆ. ಆ ಹೊತ್ತಿಗೆ ನೀವು 32.59 ಲ್ಯಾಪ್ ಓಡಿರುತ್ತೀರಿ, ಮತ್ತು 33ನೆಯದನ್ನು ಪೂರ್ತಿ ಓಡಲೇಬೇಕು. ಆದ್ದರಿಂದ ಹಾಳೆಯಲ್ಲಿ ಮುಂದಾಳುವಿನ ಸರಾಸರಿಗೆ ಪ್ರತ್ಯೇಕ ಸೆಲ್ ಇರಲಿ, ಮುಂದಾಳು ಗೆರೆ ದಾಟುವ ಸಮಯವನ್ನು ಮೊದಲು ಕಂಡುಹಿಡಿದು, ಅದರಿಂದ ನಿಮ್ಮ ಪಿಟ್ ನಷ್ಟವನ್ನು ಕಳೆದು, ನಿಮ್ಮ ಲ್ಯಾಪ್ ಸಮಯದಿಂದ ಭಾಗಿಸಿ ರೌಂಡ್‌ಅಪ್ ಮಾಡುವ ಸೂತ್ರ ಇರಲಿ.

ಇಲ್ಲಿ ಹೊಸಬರಿಗೆ ಇನ್ನೊಂದು ಗಂಟು ಎದುರಾಗುತ್ತದೆ. ಪಿಟ್ ಸ್ಟಾಪ್‌ಗಳ ಸಂಖ್ಯೆ ಇಂಧನದಿಂದ, ಇಂಧನ ಲ್ಯಾಪ್‌ಗಳಿಂದ, ಲ್ಯಾಪ್‌ಗಳು ಮತ್ತೆ ಪಿಟ್ ಸ್ಟಾಪ್‌ಗಳಿಂದ ನಿರ್ಧಾರವಾಗುವುದರಿಂದ, ಸೂತ್ರಗಳನ್ನು ನೇರವಾಗಿ ಜೋಡಿಸಿದರೆ ಸರ್ಕ್ಯುಲರ್ ರೆಫರೆನ್ಸ್ ಎಂಬ ಎಚ್ಚರಿಕೆ ಬರುತ್ತದೆ. ಸುಲಭದ ದಾರಿ ಎಂದರೆ ಸೊನ್ನೆ, ಒಂದು, ಎರಡು ಪಿಟ್ ಸ್ಟಾಪ್‌ಗಳಿಗೆ ಮೂರು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಆ ಸಂಖ್ಯೆಯನ್ನು ಕೈಯಿಂದಲೇ ತುಂಬಿ, ಅಷ್ಟು ಸ್ಟಾಪ್‌ಗಳಲ್ಲಿ ಬೇಕಾದ ಇಂಧನ ಟ್ಯಾಂಕ್‌ಗೆ ಹಿಡಿಯುತ್ತದೆಯೇ ಎಂಬುದನ್ನು ಮಾತ್ರ ಇಫ್ ಸೂತ್ರದಿಂದ ಪರೀಕ್ಷಿಸುವುದು.

ಒಂದು ಸ್ಟಾಪ್‌ನ ಅಂಕಣದಲ್ಲಿ 33 ಲ್ಯಾಪ್‌ಗೆ 94.05 ಲೀಟರ್, ಓಟಕ್ಕೆ ಮುನ್ನ ನಿಧಾನವಾಗಿ ಸುತ್ತುವ ಫಾರ್ಮೇಶನ್ ಲ್ಯಾಪ್‌ಗೆ 1.5, ಕಾಪು ಇಂಧನವಾಗಿ ಅರ್ಧ ಲ್ಯಾಪ್‌ನ 1.4, ಒಟ್ಟು 97 ಲೀಟರ್ ಬೇಕು. ತುಂಬಿದ ಟ್ಯಾಂಕ್‌ನೊಂದಿಗೆ ಹೊರಟರೆ ಪಿಟ್‌ನಲ್ಲಿ 27 ಲೀಟರ್ ತುಂಬಿಸಬೇಕು. 32 ಲ್ಯಾಪ್ ಎಂದು ಎಣಿಸಿದ್ದರೆ 2.85 ಲೀಟರ್ ಕಡಿಮೆ ತುಂಬಿಸುತ್ತಿದ್ದಿರಿ, ಮತ್ತು 1.4 ಲೀಟರ್‌ನ ಕಾಪು ಅದನ್ನು ಮುಚ್ಚಲಾರದು. ಪಿಟ್‌ಗೆ ಯಾವ ಲ್ಯಾಪ್‌ನಿಂದ ಯಾವ ಲ್ಯಾಪ್‌ವರೆಗೆ ಬರಬಹುದೆಂದು ಕಂಡುಹಿಡಿಯುವುದೂ ಇಲ್ಲಿಂದ ಸುಲಭ: ಮೊದಲ ಸ್ಟಿಂಟ್‌ಗೆ (ಪಿಟ್‌ಗೆ ಬರುವವರೆಗಿನ ಓಟದ ತುಂಡಿಗೆ) ದೊರೆಯುವ 67.1 ಲೀಟರ್‌ನಲ್ಲಿ 23 ಪೂರ್ಣ ಲ್ಯಾಪ್‌ಗಳು ಆಗುತ್ತವೆ, ಪಿಟ್‌ನಲ್ಲಿ ಟ್ಯಾಂಕ್ ತುಂಬಿಸಿದರೆ ಮುಂದೆ 24 ಲ್ಯಾಪ್ ಓಡಬಹುದು, ಹೀಗಾಗಿ 9ನೆಯ ಲ್ಯಾಪ್‌ನ ಕೊನೆಯಿಂದ 23ನೆಯ ಲ್ಯಾಪ್‌ನ ಕೊನೆಯವರೆಗೆ ಯಾವಾಗ ಬಂದರೂ ಒಂದೇ ಸ್ಟಾಪ್‌ನಲ್ಲಿ ಓಟ ಮುಗಿಯುತ್ತದೆ. ದಟ್ಟಣೆಯಿಂದ ತಪ್ಪಿಸಿಕೊಳ್ಳಲು ಅಥವಾ ಎದುರಾಳಿಗಿಂತ ಮೊದಲೇ ಹೊಸ ಟೈರ್ ಹಾಕಿಕೊಂಡು ಅಂಡರ್‌ಕಟ್ ಮಾಡಲು, ಅಂದರೆ ಆ ವೇಗದಿಂದ ಅವರನ್ನು ಹಿಂದಿಕ್ಕಲು, ನಿಮಗಿರುವ ಸ್ವಾತಂತ್ರ್ಯ ಇಷ್ಟೇ.

ಟೈರ್ ಸವೆತದ ಲೆಕ್ಕ ಇನ್ನೂ ಸ್ವಾರಸ್ಯಕರವಾದದ್ದು. ಪ್ರತಿ ಲ್ಯಾಪ್‌ಗೂ ಟೈರ್ ಒಂದೇ ಪ್ರಮಾಣದಲ್ಲಿ ನಿಧಾನವಾಗುತ್ತದೆ ಎಂದುಕೊಂಡರೆ, ಒಂದು ಸ್ಟಿಂಟ್‌ನ ಒಟ್ಟು ನಷ್ಟ ಎಂದರೆ ಲ್ಯಾಪ್‌ಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಗುಣಿಸಿ, ಅರ್ಧ ಮಾಡಿ, ಸವೆತದ ದರದಿಂದ ಗುಣಿಸಿದಷ್ಟು. 17 ಮತ್ತು 16 ಲ್ಯಾಪ್‌ಗಳ ಎರಡು ಸ್ಟಿಂಟ್‌ಗಳಲ್ಲಿ ದರದ 256 ಪಟ್ಟು ನಷ್ಟವಾದರೆ, 11 ಲ್ಯಾಪ್‌ಗಳ ಮೂರು ಸ್ಟಿಂಟ್‌ಗಳಲ್ಲಿ 165 ಪಟ್ಟು ಮಾತ್ರ. ಉಳಿತಾಯ 91 ಪಟ್ಟು. ಎರಡನೆಯ ಸ್ಟಾಪ್‌ನ ಬೆಲೆ 30 ಸೆಕೆಂಡು ಅಲ್ಲ ಎಂಬುದನ್ನು ಗಮನಿಸಿ: ಒಟ್ಟು ಇಂಧನ ಅಷ್ಟೇ ಆಗಿರುವುದರಿಂದ ಅದು ಎರಡು ಸ್ಟಾಪ್‌ಗಳಿಗೆ ಹಂಚಿಹೋಗುತ್ತದೆ, ಪ್ರತಿ ಸ್ಟಾಪ್‌ನಲ್ಲಿ ಟೈರ್‌ನ 10 ಸೆಕೆಂಡೇ ದೊಡ್ಡದಾಗುತ್ತದೆ, ಒಂದೊಂದಕ್ಕೆ 29.2ರಂತೆ ಒಟ್ಟು 58.4 ಸೆಕೆಂಡಾಗಿ ಹೆಚ್ಚುವರಿ ಬೆಲೆ 28.4ಕ್ಕೆ ಇಳಿಯುತ್ತದೆ. 28.4ನ್ನು 91ರಿಂದ ಭಾಗಿಸಿದರೆ 0.31. ಲ್ಯಾಪ್‌ಗೆ 0.31 ಸೆಕೆಂಡಿಗಿಂತ ಹೆಚ್ಚು ಸವೆತವಿದ್ದರೆ ಎರಡು ಸ್ಟಾಪ್ ಲಾಭದಾಯಕ, ಕಡಿಮೆಯಿದ್ದರೆ ಒಂದೇ ಸಾಕು.

ಆ ದರವನ್ನು ಅಳೆಯುವಲ್ಲಿ ಒಂದು ಮೋಸವಿದೆ. ಲ್ಯಾಪ್‌ನಿಂದ ಲ್ಯಾಪ್‌ಗೆ ಸಮಯ ಎಷ್ಟು ಬದಲಾಗುತ್ತದೆಂದು ಕೊಡುವ ಸ್ಲೋಪ್ ಸೂತ್ರವನ್ನು ಲ್ಯಾಪ್ ಸಮಯಗಳ ಮೇಲೆ ಹಾಕಿದರೆ ಸಿಗುವುದು ಸವೆತ ಮತ್ತು ಹಗುರವಾಗುತ್ತಿರುವ ಟ್ಯಾಂಕ್ ಎರಡರ ಒಟ್ಟು ಫಲ. ಪೆಟ್ರೋಲ್ ಲೀಟರ್‌ಗೆ ಸುಮಾರು 0.75 ಕಿಲೋ ತೂಗುವುದರಿಂದ ನಮ್ಮ ಕಾರು ಲ್ಯಾಪ್‌ಗೆ ಎರಡು ಕಿಲೋಗಿಂತ ತುಸು ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಫಾರ್ಮುಲಾ ಒನ್‌ನಲ್ಲಿ ಬಳಕೆಯಲ್ಲಿರುವ ಅಂದಾಜಿನಂತೆ 10 ಕಿಲೋಗೆ 0.3 ಸೆಕೆಂಡು ಎಂದಿಟ್ಟುಕೊಂಡರೂ ಅದು ಲ್ಯಾಪ್‌ಗೆ 0.06 ಸೆಕೆಂಡಿನಷ್ಟು ಆಗುತ್ತದೆ. ಅಂದರೆ ಸ್ಟಿಂಟ್ ಉದ್ದಕ್ಕೂ ಸಮಯ ಒಂದೇ ಆಗಿ ಕಂಡರೆ ಟೈರ್ ಸವೆದಿಲ್ಲ ಎಂದಲ್ಲ, ಅಷ್ಟು ಸವೆದಿದೆ ಎಂದು ಅರ್ಥ. ನಿಮ್ಮ ಕಾರಿನ ನಿಜವಾದ ಸಂಖ್ಯೆಗೆ ಹೊಸ ಟೈರ್‌ಗಳ ಮೇಲೆ ಒಮ್ಮೆ 20 ಲೀಟರ್, ಇನ್ನೊಮ್ಮೆ 70 ಲೀಟರ್ ಹಾಕಿಕೊಂಡು ಕೆಲವು ಲ್ಯಾಪ್ ಓಡಿಸಿ, ಸರಾಸರಿಗಳ ಅಂತರವನ್ನು 50ರಿಂದ ಭಾಗಿಸಿದರೆ ಲೀಟರ್‌ಗೆ ಎಷ್ಟು ಸೆಕೆಂಡು ಎಂದು ತಿಳಿಯುತ್ತದೆ. ಓಟದ ನಡುವೆ ಇಂಧನ ತುಂಬುವುದು 2010ರಿಂದ ನಿಷೇಧವಾಗಿರುವ ಫಾರ್ಮುಲಾ ಒನ್ ಮಾದರಿಯ ಓಟಗಳಲ್ಲಿ ಹಾಳೆಯ ಈ ಭಾಗವೇ ಮುಖ್ಯವಾಗುತ್ತದೆ.

ಓಟದ ನಡುವೆ ಕೀಲಿಮಣೆ ಮುಟ್ಟಲು ಕೈ ಬಿಡುವಿರುವುದಿಲ್ಲ. ಆದ್ದರಿಂದ ಉತ್ತರಗಳನ್ನು ಮೊದಲೇ ಒಂದು ಸಣ್ಣ ಪಟ್ಟಿಯಾಗಿ ತೆಗೆದಿಡಿ: ಅಡ್ಡಸಾಲಿನಲ್ಲಿ 32, 33, 34 ಲ್ಯಾಪ್‌ಗಳು, ಲಂಬಸಾಲಿನಲ್ಲಿ 2.75ರಿಂದ 2.90ರವರೆಗೆ ಬಳಕೆಯ ದರಗಳು, ಒಳಗೆ ತುಂಬಿಸಬೇಕಾದ ಲೀಟರ್‌ಗಳು. ಬಳಕೆ 0.05 ಲೀಟರ್ ಬದಲಾದರೆ ಇಡೀ ಓಟಕ್ಕೆ 1.65 ಲೀಟರ್ ಮಾತ್ರ ಬದಲಾಗುತ್ತದೆ, ಒಂದು ಲ್ಯಾಪ್ ಬದಲಾದರೆ ಸುಮಾರು 2.85 ಬದಲಾಗುತ್ತದೆ ಎಂಬುದು ಈ ಪಟ್ಟಿಯಲ್ಲಿ ಕಣ್ಣಿಗೇ ಕಾಣಿಸುತ್ತದೆ. ಸಹಚಾಲಕರಿರುವ ದೀರ್ಘ ಓಟಗಳಲ್ಲಿ ಹಂಚಿಕೊಂಡ ಹಾಳೆಯಲ್ಲಿ ಪಿಟ್‌ಗೋಡೆಯ ಬಳಿ ಕುಳಿತವರ ಕೆಲಸವನ್ನು ಮಾಡುವವರೊಬ್ಬರು ಮುಂದಾಳುವಿನ ಸರಾಸರಿಯನ್ನು ಐದೈದು ಲ್ಯಾಪ್‌ಗೊಮ್ಮೆ ತಿದ್ದುತ್ತಿದ್ದರೆ ಸಾಕು. ಅಪಘಾತವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದರೆ ಮಾತ್ರ ಆ ಸರಾಸರಿಯನ್ನು ನಂಬುವಂತಿಲ್ಲ. ಆಗ ಉಳಿದ ಸಮಯ ಮತ್ತು ಉಳಿದ ಇಂಧನಗಳನ್ನು ಹೊಸದಾಗಿ ತುಂಬಿ, ನಿಧಾನ ಲ್ಯಾಪ್‌ಗಳನ್ನು ಬೇರೆ ಸಾಲಿನಲ್ಲಿ ಎಣಿಸಿ, ಪಿಟ್ ನಷ್ಟದ ಸೆಲ್‌ಗೂ ಚಿಕ್ಕ ಸಂಖ್ಯೆಯೊಂದನ್ನು ಕೊಡಬೇಕು, ಏಕೆಂದರೆ ಟ್ರ್ಯಾಕ್‌ನಲ್ಲಿರುವವರೂ ಆ ಹೊತ್ತಿನಲ್ಲಿ ನಿಧಾನವಾಗಿಯೇ ಹೋಗುತ್ತಿರುತ್ತಾರೆ.