ಪೆಟ್ರೋಲ್ ಹೆಲಿ ಕೈಕೊಟ್ಟರೆ ಮೊದಲು ನೀಡಲ್ ಮುಟ್ಟಬೇಡಿ

23ರಿಂದ 29 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಇರುವ ಆರ್‌ಸಿ (ರಿಮೋಟ್‌ನಲ್ಲಿ ಹಾರಿಸುವ) ಹೆಲಿಕಾಪ್ಟರ್ ಸರಿಯಾಗಿ ಓಡದಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್‌ಗೆ. ಕಾರ್ಬ್ಯುರೇಟರ್‌ನ ಎರಡೂ ನೀಡಲ್ (ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ) ತಿರುಗಿಸಿಬಿಟ್ಟ ಮೇಲೆ ಮೊದಲಿದ್ದ ದೋಷ ಯಾವುದು, ನಾವೇ ಸೇರಿಸಿದ್ದು ಯಾವುದು ಎಂಬುದೇ ತಿಳಿಯುವುದಿಲ್ಲ. ಹೋದ ಭಾನುವಾರ ಚೆನ್ನಾಗಿ ಹಾರಿದ ಹೆಲಿಯ ನೀಡಲ್ ವಾರದೊಳಗೆ ತಾನಾಗಿ ತಿರುಗಿರುವುದಿಲ್ಲ. ಬದಲಾಗಿರುವುದು ಬೇರೇನೋ. ಮುಟ್ಟಲೇಬೇಕು ಅಂದರೆ ಈಗಿನ ಸ್ಥಾನಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಮೆಲ್ಲಗೆ ಮುಚ್ಚುತ್ತಾ ಎಷ್ಟು ಸುತ್ತು ಬಂತೆಂದು ಬರೆದಿಟ್ಟುಕೊಳ್ಳಿ. ತಳಕ್ಕೆ ಬಿಗಿಯಾಗಿ ಒತ್ತಿದರೆ ನೀಡಲ್ ಕೂರುವ ಜಾಗವೇ ಹಾಳಾಗುತ್ತದೆ.

ಇನ್ನೊಂದು ಮಾತು. ದೋಷ ಎಂಜಿನ್‌ನದೇ ಎಂದು ಖಚಿತ ಮಾಡಿಕೊಳ್ಳಿ. ಮೇಲೇರುವಾಗ ಎಂಜಿನ್ ಶಬ್ದವೂ ರೋಟರ್ ವೇಗವೂ ಒಟ್ಟಿಗೆ ಇಳಿದರೆ ಎಂಜಿನ್ ಸೋಲುತ್ತಿದೆ. ಎಂಜಿನ್ ಕಿರುಚುತ್ತಿದ್ದು ರೋಟರ್ ಮಾತ್ರ ನಿಧಾನವಾದರೆ ಕ್ಲಚ್ ಲೈನಿಂಗ್ ಜಾರುತ್ತಿದೆ ಅಥವಾ ಒನ್ ವೇ ಬೇರಿಂಗ್ ಹೋಗಿದೆ. ಅದಕ್ಕೆ ಕಾರ್ಬ್ಯುರೇಟರ್ ಬಿಚ್ಚಿ ಪ್ರಯೋಜನವಿಲ್ಲ. ಪರೀಕ್ಷೆ ಮಾಡುವಾಗ ಗವರ್ನರ್ (ರೋಟರ್ ವೇಗ ಒಂದೇ ಸಮ ಇಡುವ ಸಾಧನ) ಆಫ್ ಇರಲಿ. ಅದು ಥ್ರಾಟಲ್ ಏರಿಸಿ ಇಳಿಸಿ ರೋಗವನ್ನೇ ಮುಚ್ಚಿಬಿಡುತ್ತದೆ.

ಸ್ಟಾರ್ಟೇ ಆಗದಿದ್ದರೆ

ಪ್ಲಗ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ ಅಥವಾ ಫ್ಲಡ್ ಆಗಿದೆ (ಪೆಟ್ರೋಲ್ ಅತಿಯಾಗಿದೆ). ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ಪ್ಲಗ್ ಗ್ಯಾಪ್ 0.6ರಿಂದ 0.7 ಮಿಮೀ ಇರಬೇಕು. ಹೊಸ ಪ್ಲಗ್ ತರುವಾಗ ಹೆಸರಿನಲ್ಲಿ 'ಆರ್' ಇರುವ ರೆಸಿಸ್ಟರ್ ಪ್ಲಗ್ಗನ್ನೇ ತನ್ನಿ (ಎನ್‌ಜಿಕೆ ಸಿಎಂಆರ್7ಎಚ್ ಇಂಥದ್ದು). ಇಲ್ಲದಿದ್ದರೆ ಕಿಡಿಯ ಗದ್ದಲ ರಿಸೀವರ್, ಗೈರೊಗಳಿಗೆ ತೊಂದರೆ ಕೊಡಬಹುದು.

ಕಿಡಿಯೇ ಇಲ್ಲದಿದ್ದರೆ ಕಾಯಿಲ್ ಬದಲಿಸುವ ಮೊದಲು ಕಿಲ್ ಸ್ವಿಚ್‌ನ ವೈರ್ ಕಳಚಿ ಮತ್ತೆ ನೋಡಿ. ಆ ವೈರ್ ಬಾಡಿಗೆ ತಾಗಿದರೆ ಸಾಕು, ಕಿಡಿ ನಿಲ್ಲುತ್ತದೆ. ಕಾರ್ಬನ್ ಫೈಬರ್ ಫ್ರೇಮಿನ ಅಂಚು ಚೂಪು, ಜೊತೆಗೆ ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ನಡುಕಕ್ಕೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದಿರುತ್ತದೆ. ವೈರ್ ಸರಿಯಿದ್ದರೆ ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಅಂತರ ಅಳೆಯಿರಿ: ಸುಮಾರು 0.3 ಮಿಮೀ.

ಹೊತ್ತಿಕೊಂಡು ಆರಿಹೋದರೆ

ಪ್ರೈಮ್ ಮಾಡಿದಷ್ಟು (ಸ್ಟಾರ್ಟ್ ಮಾಡುವ ಮೊದಲು ಒಳಗೆ ತುಂಬಿಸಿದಷ್ಟು) ಪೆಟ್ರೋಲ್ ಉರಿದು ಎಂಜಿನ್ ನಿಂತರೆ ಪಂಪ್ ಕೆಲಸ ಮಾಡುತ್ತಿಲ್ಲ. ವಾಲ್ಬ್ರೊ ಮಾದರಿಯ ಕಾರ್ಬ್ಯುರೇಟರ್‌ನೊಳಗೆ ಒಂದು ಡಯಾಫ್ರಮ್ ಪಂಪ್ ಇದೆ. ಕ್ರ್ಯಾಂಕ್‌ಕೇಸ್ ಒತ್ತಡದ ಏರಿಳಿತ ಒಂದು ಸಣ್ಣ ಪಲ್ಸ್ ರಂಧ್ರದ ಮೂಲಕ ಬಂದು ಅದನ್ನು ಬಡಿಯುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಹಾಕಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಗಾಸ್ಕೆಟ್ ತಿರುಗಿಸಿ ಹಾಕಿದ್ದಾರೆ, ರಂಧ್ರ ಮುಚ್ಚಿದೆ ಎಂದೇ ಮೊದಲು ಅನುಮಾನಿಸಿ.

ಆಮೇಲೆ ಪೈಪು. ನೈಟ್ರೋ (ಮೆಥನಾಲ್ ಇಂಧನದ) ಹೆಲಿಯ ಸಿಲಿಕೋನ್ ಪೈಪ್ ಪೆಟ್ರೋಲ್‌ಗೆ ಊದಿ ಮೆತ್ತಗಾಗುತ್ತದೆ. ಟೈಗಾನ್‌ನಂಥ ಪೆಟ್ರೋಲ್ ಪೈಪೇ ಬೇಕು. ಟ್ಯಾಂಕಿನೊಳಗಿನ ಕ್ಲಂಕ್ (ಪೆಟ್ರೋಲ್ ಹೀರುವ ತುದಿಯ ಭಾರದ ತುಂಡು) ಪೈಪ್ ಬಿರುಕುಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಆದರೆ ಎಂಜಿನ್ ಓಡುವಾಗ ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಹೋಗುತ್ತಿರುತ್ತವೆ. ಟ್ಯಾಂಕ್ ಅರ್ಧ ಇಳಿದ ಮೇಲಷ್ಟೇ ಗುಳ್ಳೆ ಬಂದರೆ ನಡುಕಕ್ಕೆ ಪೆಟ್ರೋಲ್ ನೊರೆಯಾಗುತ್ತಿರಬಹುದು. ಟ್ಯಾಂಕನ್ನು ರಬ್ಬರ್ ಮೇಲೆ ಕೂರಿಸಿ, ಫೆಲ್ಟ್ ಕ್ಲಂಕ್ ಹಾಕಿ.

ಇವೆಲ್ಲ ಸರಿಯಿದ್ದರೆ ಡಯಾಫ್ರಮ್ ತೆಗೆಯಿರಿ. ಹೊಸದು ಬಟ್ಟೆಯಂತೆ ಬಾಗುತ್ತದೆ. ಹಳತು ಒರಟಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ಚಟಪಟ ಸದ್ದು ಮಾಡುತ್ತದೆ. ಅಂಥದ್ದನ್ನು ತೊಳೆದು ಹಾಕಿ ಕಾಸು ಉಳಿಸಲು ಹೋಗಬೇಡಿ. ಕಾರ್ಬ್ಯುರೇಟರ್ ಮೇಲೆ ಕೆತ್ತಿರುವ ನಂಬರ್ ಬರೆದುಕೊಂಡು ಹೋದರೆ ಬ್ರಷ್ ಕಟರ್, ಚೈನ್ ಸಾ ರಿಪೇರಿ ಅಂಗಡಿಗಳಲ್ಲಿ ಹೊಂದುವ ಕಿಟ್ ಸಿಗುವ ಸಾಧ್ಯತೆಯಿದೆ. ಕಿಟ್ ಹಾಕುವಾಗ ಒಳಗಿನ ಪುಟ್ಟ ಜರಡಿಯನ್ನೂ ಬದಲಿಸಿ.

ಐಡಲ್ ಒಂದೇ ಸಮ ನಿಲ್ಲದಿದ್ದರೆ

ಎಂಜಿನ್ ಬಿಸಿಯಾದಂತೆ ಐಡಲ್ ತಾನಾಗಿ ಏರುವುದು, ಥ್ರಾಟಲ್ ಇಳಿಸಿದರೂ ವೇಗ ತಗ್ಗಲು ಹೊತ್ತು ಹಿಡಿಯುವುದು: ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಐಡಲ್ ಹೀಗೆ ಏರಿದರೆ ಕ್ಲಚ್ ಹಿಡಿದು ರೋಟರ್ ತಿರುಗಲು ಶುರುವಾಗುತ್ತದೆ, ಹತ್ತಿರ ನಿಂತವರಿಗೆ ಅಪಾಯ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಉರಿಯುವ ಸ್ಪ್ರೇ ಹೊಡೆದು ಲೀಕ್ ಹುಡುಕುವುದಕ್ಕಿಂತ ಒಂದು ಸುರಕ್ಷಿತ ದಾರಿಯಿದೆ. ಎಂಜಿನ್ ತಣ್ಣಗಿರುವಾಗ ಕಾರ್ಬ್ಯುರೇಟರ್, ಸೈಲೆನ್ಸರ್ ಎರಡೂ ಬಿಚ್ಚಿ, ಎರಡೂ ದ್ವಾರಗಳನ್ನು ರಬ್ಬರ್ ತುಂಡು ಮತ್ತು ಲೋಹದ ಪಟ್ಟಿಯಿಂದ ಮುಚ್ಚಿ. ಕಾರ್ಬ್ಯುರೇಟರ್ ಬದಿಯ ಪಟ್ಟಿಯಲ್ಲಿ ಪಲ್ಸ್ ರಂಧ್ರದ ಎದುರಿಗೆ ಒಂದು ನಿಪ್ಪಲ್ ಇರಲಿ. ಅದಕ್ಕೆ ಹಳೇ ಬಿಪಿ ಮೆಷಿನ್ನಿನ ಬಲ್ಬು, ಮೀಟರ್ ಜೋಡಿಸಿ, ಪಿಸ್ಟನ್ ಕೆಳಗಿಟ್ಟು ಮೀಟರ್ 250 ತೋರಿಸುವವರೆಗೆ ಒತ್ತಿ. ಮುಳ್ಳು ಒಂದು ನಿಮಿಷ ಅಲ್ಲಾಡದೆ ನಿಂತರೆ ಎಂಜಿನ್ ಭದ್ರವಾಗಿದೆ. ಇಳಿದರೆ ಎರಡೂ ಕಡೆಯ ಕ್ರ್ಯಾಂಕ್ ಸೀಲ್, ಸಿಲಿಂಡರ್ ತಳ, ಇನ್ಸುಲೇಟರ್ ಗಾಸ್ಕೆಟ್‌ಗಳಿಗೆ ಸೋಪ್ ನೀರು ಹಚ್ಚಿ. ಗುಳ್ಳೆ ಎಲ್ಲೆದ್ದಿತೋ ಅಲ್ಲೇ ಲೀಕ್.

ಈಗ ನೀಡಲ್

ಮ್ಯಾನ್ಯುಯಲ್ ಹೇಳುವ ಸುತ್ತಿನಿಂದಲೇ ಶುರುಮಾಡಿ. ಸಾಮಾನ್ಯವಾಗಿ ಎಲ್ (ಕಡಿಮೆ ವೇಗದ್ದು), ಎಚ್ (ಹೆಚ್ಚು ವೇಗದ್ದು) ಎರಡೂ ಒಂದೂಕಾಲು ಸುತ್ತಿನ ಆಸುಪಾಸು. ಎಂಜಿನ್ ಬಿಸಿಯಾದ ಮೇಲೆ ಎಲ್ ನೀಡಲ್‌ನಿಂದ ಐಡಲ್ ಮತ್ತು ಪಿಕಪ್ ಸರಿಮಾಡಿ, ಆಮೇಲೆ ಎಚ್ ನೀಡಲ್‌ನಿಂದ ಕ್ಲೈಂಬ್. ಎಲ್ ದಾರಿಯ ಪೆಟ್ರೋಲ್ ಫುಲ್ ಥ್ರಾಟಲ್‌ನಲ್ಲೂ ಹರಿಯುತ್ತದೆ, ಹಾಗಾಗಿ ಎಲ್ ತಿರುಗಿಸಿದರೆ ಎಚ್ ಮತ್ತೆ ನೋಡಲೇಬೇಕು. ಒಂದು ಸಲಕ್ಕೆ ಅರೆಕಾಲು ಸುತ್ತಿಗಿಂತ ಹೆಚ್ಚು ಬೇಡ. ಹೆಲಿ ಇಳಿಸಿ, ಎಂಜಿನ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲಷ್ಟೇ ಕೈ ಹಾಕಿ. ಕ್ಲೈಂಬ್‌ನಲ್ಲಿ ಗೊರಗೊರ ಎಂದು ಹೊಗೆ ಬಿಟ್ಟರೆ ರಿಚ್ (ಪೆಟ್ರೋಲ್ ಜಾಸ್ತಿ). ಮೊದಲು ಎಳೆದು ಆಮೇಲೆ ಸೋತು, ಸದ್ದು ತೆಳ್ಳಗಾದರೆ ಲೀನ್ (ಪೆಟ್ರೋಲ್ ಕಡಿಮೆ). ಅನುಮಾನವಿದ್ದರೆ ರಿಚ್ ಕಡೆಗೇ ಬಿಡಿ, ಪಿಸ್ಟನ್ ಉಳಿಯುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇ. 9ರಷ್ಟು ತೆಳು; ಕರಾವಳಿಯ ಸೆಟ್ಟಿಂಗ್ ಇಲ್ಲಿ ರಿಚ್ ಆಗುತ್ತದೆ. ಅಪಾಯವಿರುವುದು ಉಲ್ಟಾ ಹೋಗುವಾಗ: ಇಲ್ಲಿ ಟ್ಯೂನ್ ಮಾಡಿದ ಹೆಲಿಯನ್ನು ಮಂಗಳೂರಿಗೆ ಒಯ್ದು ಹಾಗೇ ಹಾರಿಸಿದರೆ ಲೀನ್ ಆಗಿ ಸೀಜ್ ಆಗಬಹುದು (ಪಿಸ್ಟನ್ ಬಿಸಿಗೆ ಸಿಕ್ಕಿಬೀಳಬಹುದು). ಬಂಕಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಕೂಡ ಅದೇ ಕಡೆ ಎಳೆಯುತ್ತದೆ, ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ. ಅನುಮಾನವಿದ್ದರೆ ಅಳತೆಯ ಗ್ಲಾಸಿನಲ್ಲಿ 90 ಎಂಎಲ್ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಕುಲುಕಿ ಬಿಡಿ. ಕೆಳಗಿನ ಪದರ ಸುಮಾರು 28 ಎಂಎಲ್‌ಗೆ ಬಂದರೆ ಅದರಲ್ಲಿ ಶೇ. 20 ಎಥನಾಲ್ ಇದೆ.

ಆಯಿಲ್ ಲೀಟರಿಗೆ 40 ಎಂಎಲ್ ಹಾಕಿದರೆ 25:1, 31 ಎಂಎಲ್ ಹಾಕಿದರೆ 32:1. ಜೆಎಎಸ್‌ಒ ಎಫ್‌ಡಿ ದರ್ಜೆಯ 2ಟಿ ಆಯಿಲ್ ಸಾಕು. ಆರ್‌ಎಕ್ಸ್ 100 ಇಟ್ಟುಕೊಂಡವರು ಇರುವವರೆಗೆ ಊರಲ್ಲಿ ಅದಕ್ಕೆ ಬರವಿಲ್ಲ. 'ಸೇಫ್ಟಿಗೆ ಇರಲಿ' ಎಂದು ಆಯಿಲ್ ಜಾಸ್ತಿ ಸುರಿದರೆ ಅಷ್ಟರಮಟ್ಟಿಗೆ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಆಗುತ್ತದೆ. ಇ20 ಗಾಳಿಯ ತೇವ ಹೀರುವುದರಿಂದ ಬೆರೆಸಿದ್ದನ್ನು ಮುಚ್ಚಳ ಬಿಗಿಯಾದ ಲೋಹದ ಕ್ಯಾನ್‌ನಲ್ಲಿಡಿ, ಮಳೆಗಾಲದಲ್ಲಿ ತಿಂಗಳು ದಾಟಿಸಬೇಡಿ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಐಡಲ್‌ನಲ್ಲಿ ತಾನಾಗಿ ನಿಲ್ಲುವವರೆಗೆ ಓಡಿಸಿ.